ದಾವಣಗೆರೆಯ ಚಾಚಾ ಖರ್ಜೂರದ ಅಂಗಡಿ

ಹಳೇ ದಾವಣಗೆರೆಯಿಂದ ಆಜಾದ್ ನಗರದ ಕಡೆ ಹೋಗುವಾಗ ಈ ಅಂಗಡಿ ಸಿಗುತ್ತದೆ. ಬೋರ್ಡ್ ಇಲ್ಲ. 'ಚಾಚಾ ಖರ್ಜೂರದ ಅಂಗಡಿ' ಎಂದರೆ ಯಾರಾದರೂ ತೋರಿಸುತ್ತಾರೆ. ಅಗಲ ಹತ್ತಡಿಯೂ ಇಲ್ಲ. ಒಂದು ಗೋಡೆಯ ತುಂಬ ಬರೀ ಖರ್ಜೂರ. ಬಾದಾಮಿ, ಗೋಡಂಬಿ, ಅಂಜೂರ ಎಲ್ಲ ಎದುರು ಗೋಡೆಗೆ.

ನಾನು ಹನ್ನೊಂದು ವರ್ಷ ಕತಾರ್‌ನ ದೋಹಾದಲ್ಲಿದ್ದೆ. ಸೂಪರ್‌ಮಾರ್ಕೆಟ್ ಒಂದರ ಗೋಡೌನ್‌ನಲ್ಲಿ ಸ್ಟೋರ್‌ಕೀಪರ್ ಕೆಲಸ. ಯಾವ ಡಬ್ಬಿ ಕೈಗೆ ಬಂದರೂ ಮೊದಲು ತಿರುಗಿಸಿ ಎಲ್ಲಿಯ ಮಾಲು ಅಂತ ಓದುವ ಅಭ್ಯಾಸ ಅಲ್ಲಿಂದಲೇ ಬಂದದ್ದು. ಊರಲ್ಲಿ ಬಹಳ ಕಡೆ ಎಲ್ಲಕ್ಕೂ 'ಅರಬ್ ಖರ್ಜೂರ' ಎಂಬ ಒಂದೇ ಹೆಸರು. ಇಲ್ಲಿ ಹಾಗಲ್ಲ. ಪ್ರತಿ ಖಾನೆಗೂ ಚಾಚಾ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದಾರೆ. ಮದೀನಾದ ಅಜ್ವಾ, ಸೌದಿಯ ಖಸೀಮ್‌ನ ಸುಕ್ಕರಿ, ಒಮಾನ್‌ನ ಫರ್ದ್, ಇರಾಕ್‌ನ ಜಾಹಿದಿ, ಆಲ್ಜೀರಿಯಾದ ದೆಗ್ಲೆತ್ ನೂರ್, ಜೋರ್ಡಾನ್‌ನ ಮೆಜೂಲ್. ಡಬ್ಬಿಯಲ್ಲಿ ಕಪ್ಪಗೆ ಮೆತ್ತಗೆ ಬರುತ್ತದಲ್ಲ, ಆ ಮಜಾಫತಿ ಅರಬ್ ದೇಶದ್ದೇ ಅಲ್ಲ, ಇರಾನ್‌ನದು. ಅದನ್ನೂ ಚೀಟಿಯಲ್ಲಿ ಸರಿಯಾಗಿ ಬರೆದಿದ್ದಾರೆ. ನನಗೆ ಈ ಅಂಗಡಿ ಮೊದಲು ಹಿಡಿಸಿದ್ದು ಇದಕ್ಕೇ.

ತಗೊಳ್ಳುವುದಾದರೆ ಸುಕ್ಕರಿ ತಗೊಳ್ಳಿ. ಹೊರಗೆ ಸ್ವಲ್ಪ ಗರಿ, ಒಳಗೆ ಬೆಲ್ಲದ ಪಾಕದ ಹಾಗೆ. ಸಂಜೆ ಸಕ್ಕರೆ ಇಲ್ಲದ ಕಾಫಿ ಜೊತೆ ಎರಡು ತಿಂದರೆ ಸಾಕು. ದೆಗ್ಲೆತ್ ನೂರ್ ಬೆಳಕಿಗೆ ಹಿಡಿದರೆ ಜೇನಿನ ಬಣ್ಣ ಕಾಣುತ್ತದೆ, ಸಿಹಿ ಕಡಿಮೆ, ನಮ್ಮಮ್ಮನಿಗೆ ಅದೇ ಇಷ್ಟ. ಅಜ್ವಾ ದುಬಾರಿ. ಜಾಹಿದಿ ಅಗ್ಗ, ಗಟ್ಟಿ. ನೆನೆಸಿ ಹಾಲಿಗೆ ಹಾಕಲು ಒಳ್ಳೆಯದು.

ಒಂದು ದೂರು ಇದೆ. ಮಳೆಗಾಲದಲ್ಲಿ ಒಯ್ದ ಬಿಡಿ ಜಾಹಿದಿಯಲ್ಲಿ ಹುಳ ಬಂದಿತ್ತು. ಚಾಚಾ ಮಾತಿಲ್ಲದೆ ಬೇರೆ ಕೊಟ್ಟರು. ಆದರೆ ಆ ಚೀಲದ ಬಾಯಿ ತೆರೆದೇ ಇತ್ತು, ಮರುವಾರವೂ ಹಾಗೇ ಇತ್ತು. ಮಳೆಗಾಲದಲ್ಲಿ ಬಿಡಿ ಮಾಲು ಬೇಡ, ಪ್ಯಾಕ್ ಆದದ್ದೇ ಕೇಳಿ. ಬಿಲ್ಲನ್ನೂ ಕೇಳಿ ತಗೊಳ್ಳಿ, ತಾವಾಗಿ ಕೊಡುವುದಿಲ್ಲ. ಹಾಗಾಗಿ ಐದಕ್ಕೆ ನಾಲ್ಕು.

ಈ ಅಂಗಡಿಗೆ ಹೋದರೆ ಅರ್ಧ ಗಂಟೆ ಕೂತೇ ಬರುತ್ತೇನೆ. ಚಾಚಾ ಇಪ್ಪತ್ತು ವರ್ಷ ಜೆದ್ದಾದಲ್ಲಿದ್ದವರು. ಅರಬ್ ದೇಶಗಳೆಲ್ಲ ಒಂದು ದಿನ ಒಂದಾಗುತ್ತವೆ ಎಂಬುದು ಅವರ ಗಟ್ಟಿ ನಂಬಿಕೆ.

"ನೋಡಪ್ಪಾ, ನಮ್ಮಪ್ಪನ ಕಾಲದಲ್ಲಿ ಹರಿಹರದ ಸೇತುವೆ ದಾಟಿದರೆ ಬೊಂಬಾಯಿ ರಾಜ್ಯ. ಆ ಕಡೆಯೂ ಕನ್ನಡ, ಈ ಕಡೆಯೂ ಕನ್ನಡ. 1956ರಲ್ಲಿ ಒಂದಾಗಲಿಲ್ವಾ? ಅವರದ್ದೂ ಒಂದೇ ಭಾಷೆ" ಅಂದರು ಒಮ್ಮೆ.

ಹೋಲಿಕೆ ಚೆನ್ನಾಗಿದೆ. ಆದರೆ ನಾವು ಒಂದಾದಾಗ ಮೇಲೆ ಒಂದೇ ಸಂಸತ್ತು ಇತ್ತು. ಅಲ್ಲಿ ಅರಬ್ ದೇಶಗಳ ಕೂಟವಾದ ಅರಬ್ ಲೀಗ್‌ನಲ್ಲೇ 22 ಸದಸ್ಯರು, ಪ್ರತಿಯೊಬ್ಬರಿಗೂ ಅವರದೇ ಗದ್ದುಗೆ. ಈಜಿಪ್ಟ್ ಮತ್ತು ಸಿರಿಯಾ 1958ರ ಫೆಬ್ರವರಿಯಲ್ಲಿ ನಿಜವಾಗಿಯೂ ಒಂದೇ ದೇಶವಾದವು, ಈಜಿಪ್ಟ್‌ನ ನಾಸರ್ ಅಧ್ಯಕ್ಷರು. ಎಲ್ಲ ಕೈರೋದಿಂದಲೇ ನಡೆಯುತ್ತದೆ ಅಂತ ಸಿರಿಯಾದವರಿಗೆ ಅಸಮಾಧಾನ. 1961ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸೇನಾಧಿಕಾರಿಗಳು ಎದ್ದರು, ಸಿರಿಯಾ ಬೇರೆಯಾಯಿತು. ಕೂಡಿ ಉಳಿದದ್ದಕ್ಕೆ ನನಗೆ ಕಾಣುವ ದೊಡ್ಡ ಉದಾಹರಣೆ ಯುಎಇ. 1971ರಲ್ಲಿ ಆರು ಎಮಿರೇಟ್‌ಗಳು, ಮರುವರ್ಷ ಏಳನೆಯದು. ಚಿಕ್ಕವು, ಅಕ್ಕಪಕ್ಕದವು, ಒಳಗಿನ ಆಡಳಿತ ಅವರವರ ಕೈಯಲ್ಲೇ ಉಳಿಯಿತು.

ನನ್ನ ಅನುಮಾನ ಪುಸ್ತಕ ಓದಿ ಬಂದದ್ದಲ್ಲ. 2017ರ ಜೂನ್ 5, ಸೋಮವಾರ, ರಂಜಾನ್ ತಿಂಗಳು. ಬೆಳಗ್ಗೆ ಎದ್ದಾಗ ರೂಮಿನವರೆಲ್ಲ ಮೊಬೈಲ್ ಹಿಡಿದು ಕೂತಿದ್ದರು. ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ನಾಲ್ಕೂ ಕತಾರ್ ಜೊತೆ ಸಂಬಂಧ ಕಡಿದುಕೊಂಡಿದ್ದವು. ಕತಾರ್‌ಗೆ ಭೂಮಿಯ ಗಡಿ ಇರುವುದು ಸೌದಿ ಜೊತೆ ಮಾತ್ರ. ಈ ಕಡೆ ಅಬು ಸಮ್ರಾ, ಆ ಕಡೆ ಸಲ್ವಾ. ದೇಶದ ಆಹಾರದಲ್ಲಿ ಸುಮಾರು ಶೇ. 40ರಷ್ಟು ಬರುತ್ತಿದ್ದದ್ದು ಆ ಒಂದು ಗೇಟಿನಿಂದ. ಅದು ಮುಚ್ಚಿತು.

ನಮ್ಮ ಅಂಗಡಿಯಲ್ಲಿ ಮಧ್ಯಾಹ್ನದೊಳಗೆ ಹಾಲು, ಕೋಳಿ ಖಾಲಿ. ಜನ ಎರಡೆರಡು ಟ್ರಾಲಿ ತಳ್ಳಿಕೊಂಡು ಬಂದರು. ಸೌದಿಯ ಹಾಲಿನ ಲಾರಿ ದಿನಾ ತರುತ್ತಿದ್ದ ಡ್ರೈವರ್ ಮತ್ತೆ ಬರಲೇ ಇಲ್ಲ. ಕೆಲವು ದಿನಕ್ಕೆ ಟರ್ಕಿಯ ಹಾಲು ಬಂತು, ಇರಾನ್‌ನಿಂದ ತರಕಾರಿ ಬಂತು. ಒಮಾನ್‌ನ ಸೊಹಾರ್ ಬಂದರಿನಿಂದ ಹಡಗು ಬಂತು. ಜುಲೈನಲ್ಲಿ ವಿಮಾನದಲ್ಲಿ ಹಸುಗಳನ್ನೇ ತರಿಸಿದರು. ಸೌದಿ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಕತಾರಿಗಳ ಸಾವಿರಾರು ಒಂಟೆಗಳನ್ನು ಗಡಿಯಾಚೆ ಅಟ್ಟಿದ್ದರು. ಗಂಡ ಒಂದು ದೇಶ, ಹೆಂಡತಿ ಇನ್ನೊಂದು ದೇಶದವರಾದ ಮನೆಗಳ ಕಷ್ಟ ಹೇಳತೀರದು. ಈಜಿಪ್ಟ್ ಬಿಟ್ಟರೆ ಇವರೆಲ್ಲ ಒಂದೇ ಕೂಟದವರು ನೋಡಿ. ಗಲ್ಫ್ ಸಹಕಾರ ಮಂಡಳಿ, ಜಿಸಿಸಿ, ಶುರುವಾದದ್ದು 1981ರಲ್ಲಿ. 2003ರಿಂದ ಕಸ್ಟಮ್ಸ್ ಒಕ್ಕೂಟ, ಹೊರಗಿನ ಹೆಚ್ಚಿನ ಮಾಲಿಗೆಲ್ಲ ಒಂದೇ ಶೇ. 5 ಸುಂಕ. ಕಾಗದದ ಮೇಲೆ ಎಲ್ಲ ಇತ್ತು. ಗೇಟು ಮುಚ್ಚಲು ಒಂದು ಬೆಳಗು ಸಾಕಾಯಿತು. ಸರಿಯಾದದ್ದು 2021ರ ಜನವರಿ 5ಕ್ಕೆ, ಸೌದಿಯ ಅಲ್-ಉಲಾದಲ್ಲಿ ನಡೆದ ಸಭೆಯಲ್ಲಿ. ಕುವೈತ್ ಪಟ್ಟುಬಿಡದೆ ಸಂಧಾನ ಮಾಡಿತ್ತು.

ಇಷ್ಟಾದರೂ ಆಸೆ ಬಿಟ್ಟಿಲ್ಲ. ಆರ್ಥಿಕ ಒಗ್ಗಟ್ಟು, ಅದರಲ್ಲೂ ಜಿಸಿಸಿಯ ಆರು ದೇಶಗಳದ್ದು, ಆಗುವಂಥದ್ದೇ ಅನ್ನುತ್ತೇನೆ. ಸೌದಿ ಮತ್ತು ಬಹ್ರೇನ್ ನಡುವೆ 25 ಕಿ.ಮೀ. ಸಮುದ್ರ ಸೇತುವೆ 1986ರಿಂದ ಇದೆ. ಆರೂ ದೇಶಗಳ ವಿದ್ಯುತ್ ಜಾಲ ಜೋಡಿಸಿದ್ದಾರೆ. ಒಂದೇ ಹಣ ಮಾತ್ರ ಬರಲಿಲ್ಲ. 2010ಕ್ಕೆ ಅಂತ ಇಟ್ಟುಕೊಂಡಿದ್ದರು. ಒಮಾನ್ ಮೊದಲೇ ಬೇಡ ಅಂದಿತು. ಆ ಹಣಕ್ಕಾಗಿ ಕಟ್ಟಬೇಕಿದ್ದ ಜಂಟಿ ಬ್ಯಾಂಕಿನ ಕಚೇರಿ ಸೌದಿಯ ರಿಯಾದ್‌ಗೆ ಹೋಯಿತು ಅಂತ 2009ರಲ್ಲಿ ಯುಎಇ ಹಿಂದೆ ಸರಿಯಿತು. 22 ದೇಶಗಳ ಲೆಕ್ಕಕ್ಕೆ ಬಂದರೆ ಇನ್ನೂ ಕಷ್ಟ. ಅವರ ಒಟ್ಟು ವ್ಯಾಪಾರದಲ್ಲಿ ತಮ್ಮತಮ್ಮಲ್ಲೇ ನಡೆಯುವುದು ಸುಮಾರು ಹತ್ತರಲ್ಲಿ ಒಂದು ಪಾಲು. ದೊಡ್ಡ ಆರ್ಥಿಕತೆಗಳಲ್ಲಿ ಬಹಳಷ್ಟು ಮಾರುವುದು ಎಣ್ಣೆ, ಗ್ಯಾಸ್. ಪಕ್ಕದವನ ಹತ್ತಿರವೂ ಅದೇ ಇದ್ದರೆ ಕೊಳ್ಳುವವರು ಯಾರು? ಆಲ್ಜೀರಿಯಾ, ಮೊರಾಕೊ ನಡುವಿನ ಗಡಿಯಂತೂ 1994ರಿಂದ ಮುಚ್ಚಿದೆ.

ಸೈನ್ಯದ ಮಾತು ಬಂದಾಗ ಚಾಚಾ ಕೂಡ ಸುಮ್ಮನಾಗುತ್ತಾರೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅಂತ ಅರಬ್ ಲೀಗ್ 1950ರಲ್ಲೇ ಬರೆದುಕೊಂಡಿತ್ತು. 1990ರಲ್ಲಿ ಕುವೈತ್ ಮೇಲೆ ನುಗ್ಗಿದ್ದು ಲೀಗ್‌ನದೇ ಸದಸ್ಯ ಇರಾಕ್. ಬಿಡಿಸಲು ಅಮೆರಿಕದ ಮುಂದಾಳುತನ ಬೇಕಾಯಿತು. ಜಂಟಿ ಪಡೆ ಕಟ್ಟೋಣ ಅಂತ 2015ರ ಶೃಂಗಸಭೆಯಲ್ಲಿ ಮತ್ತೆ ಹೇಳಿದರು, ಕಟ್ಟಲಿಲ್ಲ. 2025ರ ಸೆಪ್ಟೆಂಬರ್ 9ರಂದು ಇಸ್ರೇಲ್ ದೋಹಾದ ಮೇಲೆ ದಾಳಿ ಮಾಡಿದಾಗ ನನ್ನ ಹಳೆಯ ರೂಮ್‌ಮೇಟ್‌ಗೆ ಫೋನ್ ಸಿಗದೆ ರಾತ್ರಿಯೆಲ್ಲ ಒದ್ದಾಡಿದ್ದೇನೆ. ವಾರದೊಳಗೆ ಅರಬ್ ಮತ್ತು ಇಸ್ಲಾಮಿಕ್ ದೇಶಗಳ ನಾಯಕರು ಅದೇ ದೋಹಾದಲ್ಲಿ ಸೇರಿ ಖಂಡಿಸಿದರು. ಮಾತು ಮೀರಿ ಏನಾದರೂ ಆಗಲಿ ಅಂತ ಮನಸ್ಸಾರೆ ಬಯಸಿದವನು ನಾನು. ಹನ್ನೊಂದು ವರ್ಷ ಅನ್ನ ಕೊಟ್ಟ ಊರು ಅದು.

ಇಲ್ಲಿ ಒಂದು ತಳಿ ಮಾತ್ರ ಸಿಗುತ್ತಿಲ್ಲ. ಸೌದಿಯ ಅಲ್-ಹಸಾದ ಖಲಾಸ್. ಕತಾರ್ ಗಡಿಗೆ ಹತ್ತಿರದ ತೋಟಗಳು. ನಮ್ಮ ಗೋಡೌನ್‌ಗೆ ಸಲ್ವಾ ಗೇಟಿನಿಂದಲೇ ಬರುತ್ತಿತ್ತು, ಬೆಚ್ಚಗಿನ ಪೆಟ್ಟಿಗೆ ತೆರೆದರೆ ಇಡೀ ಗೋಡೌನ್ ಘಮ್ಮೆನ್ನುತ್ತಿತ್ತು. ಗೇಟು ಮುಚ್ಚಿದ ಮೇಲೆ ನಾನು ಊರಿಗೆ ವಾಪಸಾಗುವವರೆಗೂ ಬರಲಿಲ್ಲ. ಮುಂದಿನ ರಂಜಾನ್‌ಗೆ ಮುಂಬೈಯಿಂದ ತರಿಸುತ್ತೇನೆ ಅಂತ ಚಾಚಾ ಹೇಳಿದ್ದಾರೆ. ಎರಡು ಕೆಜಿಗೆ ಹಣ ಕೊಟ್ಟು ಬಂದಿದ್ದೇನೆ.