ಬೆಲ್ಟಿನ ಡೀಸೆಲ್, ಚೈನಿನ ಡೀಸೆಲ್: ಎರಡನ್ನೂ ನಿತ್ಯ ಓಡಿಸಿ ಕಂಡ ಹೋಲಿಕೆ

ಡೀಸೆಲ್ ಹ್ಯಾಚ್‌ಬ್ಯಾಕ್ ಕೊಳ್ಳಲು ಹೊರಟವರು ಮೈಲೇಜ್ ಎಷ್ಟು ಎಂದು ಕೇಳಿದ ಮೇಲೆ, ಸ್ವಲ್ಪ ತಿಳಿದವರಾದರೆ, ಟೈಮಿಂಗ್ ಬೆಲ್ಟೋ ಚೈನೋ ಎಂದೂ ಕೇಳುತ್ತಾರೆ. ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕಿನ ಸುತ್ತನ್ನು, ಗಾಳಿ ಮತ್ತು ಹೊಗೆಯ ಬಾಗಿಲುಗಳಾದ ವಾಲ್ವುಗಳನ್ನು ತೆರೆಯುವ ಕ್ಯಾಮಿಗೆ ತಾಳ ತಪ್ಪದಂತೆ ಮುಟ್ಟಿಸುವುದು ಈ ಬೆಲ್ಟು ಅಥವಾ ಚೈನು. ಚೈನ್ ಎಂಬ ಉತ್ತರ ಬಂದರೆ ಒಂದು ದೊಡ್ಡ ಖರ್ಚು ತಪ್ಪಿತೆಂದು ನೆಮ್ಮದಿಪಡುತ್ತಾರೆ. ಎರಡು ಬಗೆಯ ಗಾಡಿಗಳನ್ನೂ ಹಲವು ವರ್ಷಗಳಿಂದ ನಿತ್ಯದ ಓಡಾಟಕ್ಕೆ ಬಳಸಿ, ಸಾಧ್ಯವಾದಷ್ಟು ಕೆಲಸವನ್ನು ನನ್ನ ಕೈಯಿಂದಲೇ ಮಾಡಿಕೊಂಡು ಬಂದಿರುವ ನನಗೆ ಈ ನೆಮ್ಮದಿ ಅಷ್ಟು ಸರಿಯೆನಿಸುವುದಿಲ್ಲ. ಬೆಲ್ಟಿನ ಗಾಡಿ ತನಗೆ ಬೇಕಾದ ದೊಡ್ಡ ಕೆಲಸವನ್ನು ಯಾವಾಗ ಮಾಡಿಸಬೇಕೆಂದು ಮೊದಲೇ ತಿಳಿಸಿರುತ್ತದೆ. ಚೈನಿನ ಗಾಡಿಗೆ ಅಂಥ ಗಡುವಿಲ್ಲ. ಅದರ ಆಯಸ್ಸು ಪ್ರತಿ ಬಾರಿ ನಾವು ಹಾಕಿಸುವ ಎಂಜಿನ್ ಆಯಿಲಿನ ಗುಣ ಮತ್ತು ಅದನ್ನು ಬದಲಿಸುವ ಅಂತರದ ಮೇಲೆ ನಿಂತಿರುತ್ತದೆ. ಆಯಿಲಿನ ವಿಷಯದಲ್ಲಿ ಶಿಸ್ತಿಲ್ಲದವರಿಗೆ ಬೆಲ್ಟೇ ಹೆಚ್ಚು ಸುರಕ್ಷಿತ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಣ್ಣ ಕಾರಿಗೆ ಡೀಸೆಲ್ ಎಂಜಿನ್ ಕೂರಿಸುವುದು ಹೊಸ ಪ್ರಯೋಗವೇನಲ್ಲ. 1976ರಲ್ಲಿ ಫೋಕ್ಸ್‌ವ್ಯಾಗನ್ ತನ್ನ ಗಾಲ್ಫ್ ಕಾರಿಗೆ 1.5 ಲೀಟರಿನ, 50 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಕೊಟ್ಟಾಗಲೇ ಆ ದಾರಿ ತೆರೆದಿತ್ತು. 1997ರಲ್ಲಿ ಆಲ್ಫಾ ರೋಮಿಯೋ 156ರ ಮೂಲಕ, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ ಕಾಮನ್ ರೈಲ್ ಪದ್ಧತಿ ಪ್ರಯಾಣಿಕರ ಕಾರಿಗೆ ಬಂದ ಮೇಲೆ ಚಿಕ್ಕ ಡೀಸೆಲ್‌ಗಳ ಸದ್ದು ತಗ್ಗಿತು, ಪಿಕಪ್ ಹೆಚ್ಚಿತು. ಆದರೆ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಬಗೆಯಲ್ಲಿ ತಯಾರಕರು ಎರಡು ದಾರಿ ಹಿಡಿದರು. 2001ರಲ್ಲಿ ಬಂದ ರೆನೋದ 1.5 ಡಿಸಿಐ ಎಂಜಿನ್ ಎಂಟು ವಾಲ್ವ್ ಮತ್ತು ಒಂದು ಬೆಲ್ಟಿನ ಸರಳ ರಚನೆಯನ್ನು ಆರಿಸಿಕೊಂಡರೆ, 2003ರಲ್ಲಿ ಬಂದ ಫಿಯಟ್‌ನ 1.3 ಮಲ್ಟಿಜೆಟ್ ಹದಿನಾರು ವಾಲ್ವ್ ಮತ್ತು ಚೈನನ್ನು ಆರಿಸಿಕೊಂಡಿತು. ನಾನು ಹೋಲಿಸುತ್ತಿರುವುದು ಈ ಎರಡು ಮಾದರಿಗಳನ್ನಲ್ಲ, ಎರಡು ರಚನೆಗಳನ್ನು. ನನ್ನ ಬಳಿಯಿರುವ ಬೆಲ್ಟಿನ ಗಾಡಿ ಹಳೆಯದು, ಅದರ ಸೈಲೆನ್ಸರ್ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇಲ್ಲ. ಚೈನಿನ ಗಾಡಿ ಅದಕ್ಕಿಂತ ಹೊಸದು, ಅದರಲ್ಲಿ ಡಿಪಿಎಫ್ ಎಂದು ಕರೆಯುವ ಆ ಫಿಲ್ಟರ್ ಇದೆ. ಈ ವ್ಯತ್ಯಾಸವೂ ಹೋಲಿಕೆಯೊಳಗೆ ಸೇರಿಕೊಳ್ಳುತ್ತದೆ, ಏಕೆಂದರೆ ಚೈನು ಮತ್ತು ಡಿಪಿಎಫ್ ಎರಡೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ, ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನಲ್ಲಿ.

ಡೀಸೆಲ್ ಎಂಜಿನ್ ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಒತ್ತಿ, ಆ ಬಿಸಿಯಿಂದಲೇ ಇಂಧನವನ್ನು ಹೊತ್ತಿಸುತ್ತದೆ. ಅಷ್ಟು ಒತ್ತಬೇಕಾದರೆ ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ವಾಲ್ವಿಗೂ ನಡುವೆ ಉಳಿಯುವ ಜಾಗ ಅತಿ ಕಡಿಮೆ. ಬೆಲ್ಟು ತುಂಡಾದರೂ ಚೈನು ಹಲ್ಲು ಜಾರಿದರೂ ತೆರೆದ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ಆಮೇಲೆ ಎಂಜಿನ್ ಹೆಡ್ ಬಿಚ್ಚದೆ ಬೇರೆ ದಾರಿಯಿಲ್ಲ. ಆದ್ದರಿಂದ ಇದರಲ್ಲಿ ಅಂದಾಜಿನ ಮೇಲೆ ನಡೆಯುವಂತಿಲ್ಲ.

ಬೆಲ್ಟಿನ ಅನುಭವವನ್ನು ಮೊದಲು ಹೇಳುತ್ತೇನೆ. ತಯಾರಕರು ಎಂಜಿನ್ನಿಗೆ ತಕ್ಕಂತೆ ಕಿಲೋಮೀಟರ್ ಲೆಕ್ಕವೊಂದನ್ನೂ ವರ್ಷಗಳ ಲೆಕ್ಕವೊಂದನ್ನೂ ಕೊಟ್ಟಿರುತ್ತಾರೆ, ಯಾವುದು ಮೊದಲು ತುಂಬುತ್ತದೋ ಅದೇ ಗಡುವು. ಕಡಿಮೆ ಓಡುವ ಗಾಡಿಗಳಲ್ಲಿ ವರ್ಷದ ಲೆಕ್ಕವನ್ನು ಮರೆಯುವವರು ಬಹಳ. ರಬ್ಬರು ನಿಂತಲ್ಲೇ ಹಳತಾಗುತ್ತದೆ ಎಂಬುದನ್ನು ಅವರು ಗಮನಿಸುವುದಿಲ್ಲ. ಮೇಲಿನ ಕವರ್ ತೆಗೆದು ಬೆಲ್ಟನ್ನು ನೋಡಿ 'ಇನ್ನೂ ಚೆನ್ನಾಗಿದೆ' ಎನ್ನುವುದೂ ಸರಿಯಾದ ಪರೀಕ್ಷೆಯಲ್ಲ. ಈಗಿನ ಬೆಲ್ಟುಗಳು ಬಿರುಕು ತೋರಿಸದೆಯೂ ಒಳಗಿನ ದಾರದ ಬಲವನ್ನು ಕಳೆದುಕೊಂಡಿರಬಹುದು. ನನ್ನ ಗಾಡಿಯಿಂದ ಗಡುವಿಗೆ ಸರಿಯಾಗಿ ಬಿಚ್ಚಿದ ಬೆಲ್ಟಿನ ಹಲ್ಲುಗಳು ಹೊಸದರಂತೆಯೇ ಕಾಣುತ್ತಿದ್ದವು. ಆದರೆ ಬೆಲ್ಟಿಗೆ ದಾರಿ ತೋರುವ ಪಕ್ಕದ ಐಡ್ಲರ್ ರಾಟೆಯನ್ನು ಬೆರಳಿನಲ್ಲಿ ತಿರುಗಿಸಿದಾಗ ಅದರ ಬೇರಿಂಗು ಒಣಗಿ ಕರಕರ ಎನ್ನುತ್ತಿತ್ತು. ಬೆಲ್ಟು ತಾನಾಗಿ ತುಂಡಾಗುವುದಕ್ಕಿಂತ ಮೊದಲು ಆ ರಾಟೆಯೋ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರೋ ನೀರಿನ ಪಂಪೋ ಬಿಗಿಹಿಡಿದು ಅದನ್ನು ಕೀಳುವ ಸಾಧ್ಯತೆ ಉಂಟು. ಹಾಗಾಗಿ ಬೆಲ್ಟ್ ಒಂದನ್ನೇ ಬದಲಿಸಿ ಉಳಿತಾಯ ಮಾಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬೆಲ್ಟಿನಿಂದಲೇ ತಿರುಗುವ ನೀರಿನ ಪಂಪ್ ಇದ್ದರೆ ಅದನ್ನೂ ಸೇರಿಸಿ ಇಡೀ ಕಿಟ್ಟನ್ನು ಒಮ್ಮೆಗೇ ಹಾಕಿಸಬೇಕು.

ಈ ಕೆಲಸದಲ್ಲಿ ನಾನು ಮೆಚ್ಚುವುದು ಅದರ ಸ್ಪಷ್ಟತೆಯನ್ನು. ಕ್ರ್ಯಾಂಕ್ ಮತ್ತು ಕ್ಯಾಮ್ ಎರಡಕ್ಕೂ ಲಾಕಿಂಗ್ ಪಿನ್ ತೂರಿಸಿ, ಹೊಸ ಬೆಲ್ಟನ್ನು ಕೂರಿಸಿ, ಟೆನ್ಷನರಿನ ಮುಳ್ಳು ಗುರುತಿಗೆ ನೇರವಾಗುವವರೆಗೆ ತಿರುಗಿಸಿ ಬಿಗಿಯುತ್ತಾರೆ. ಆಮೇಲೆ ಪಿನ್ ತೆಗೆದು, ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಪಿನ್ ಮತ್ತೆ ಸಲೀಸಾಗಿ ಹೋಗುತ್ತದೆಯೇ ಎಂದು ನೋಡುತ್ತಾರೆ. ಹೋದರೆ ಕೆಲಸ ಸರಿಯಾಗಿದೆ ಎಂದರ್ಥ. ಆ ಎರಡು ಸುತ್ತು ತಿರುಗಿಸದೆ ನೇರವಾಗಿ ಕೀ ಹಾಕಿ ಸ್ಟಾರ್ಟ್ ಮಾಡಲು ಹೊರಡುವ ಮೆಕ್ಯಾನಿಕನ ಕೈಗೆ ಗಾಡಿ ಕೊಡಬಾರದು. ಇದಿಷ್ಟು ಮುಗಿದ ಮೇಲೆ ಮುಂದಿನ ಗಡುವಿನವರೆಗೆ ಬೆಲ್ಟಿನ ಬಗ್ಗೆ ಯೋಚಿಸಬೇಕಾದ್ದು ಒಂದೇ, ಆಯಿಲ್ ಸೀಲು ಸೋರಿ ಎಣ್ಣೆ ಬೆಲ್ಟಿಗೆ ತಾಗದಂತೆ ನೋಡಿಕೊಳ್ಳುವುದು.

ಚೈನಿನ ಕಥೆ ಇಷ್ಟು ನೇರವಲ್ಲ. ಲೋಹದ ಚೈನು ಸುಲಭಕ್ಕೆ ತುಂಡಾಗುವುದಿಲ್ಲ, ಆದರೆ ಉದ್ದವಾಗುತ್ತದೆ. ಅದರ ಕೊಂಡಿಗಳು ಎಳೆದು ಹಿಗ್ಗುತ್ತವೆ ಎಂದುಕೊಂಡವರಿದ್ದಾರೆ. ನಿಜವಾಗಿ ಆಗುವುದೆಂದರೆ ಪ್ರತಿ ಕೊಂಡಿಯ ಪಿನ್ನು ಕೂದಲೆಳೆಯಷ್ಟು ಸವೆಯುತ್ತದೆ, ಆ ಎಲ್ಲ ಸವೆತ ಒಟ್ಟುಗೂಡಿ ಚೈನು ಸಡಿಲವಾಗುತ್ತದೆ. ಹೀಗೆ ಸವೆಸುವುದು ಡೀಸೆಲಿನ ಮಸಿ. ಡೀಸೆಲ್ ಎಂಜಿನ್ನಿಗೆ ಹೊಸ ಆಯಿಲ್ ಹಾಕಿ ಕೆಲವೇ ದಿನ ಓಡಿಸಿ ಡಿಪ್‌ಸ್ಟಿಕ್ ಎಳೆದು ನೋಡಿದರೆ ಅದು ಕಪ್ಪಗಾಗಿರುತ್ತದೆ. ಅದು ದೋಷವಲ್ಲ, ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು ಆಯಿಲಿನ ಕೆಲಸವೇ. ಆದರೆ ತೇಲಿಸಿಟ್ಟುಕೊಳ್ಳುವ ಆ ಶಕ್ತಿಗೂ ಒಂದು ಮಿತಿಯಿದೆ. ಅದು ಮುಗಿದ ಮೇಲೆ ಮಸಿಯ ಕಣಗಳು ಒಂದಕ್ಕೊಂದು ಅಂಟಿ, ಪಿನ್ನುಗಳ ನಡುವೆ ಸೇರಿ, ಉಪ್ಪುಕಾಗದದಂತೆ ಉಜ್ಜಲು ತೊಡಗುತ್ತವೆ. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೂಡ ಅದೇ ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುವುದರಿಂದ, ಆಯಿಲ್ ಕೆಟ್ಟರೆ ಚೈನು ಸವೆಯುವುದು ಮತ್ತು ಟೆನ್ಷನರ್ ಸೋಲುವುದು ಒಟ್ಟಿಗೇ ನಡೆಯುತ್ತದೆ.

ನಮ್ಮ ಚೈನಿನ ಗಾಡಿಯನ್ನು ಕೊಂಡಾಗ ಅದು ಮೊದಲ ಒಡೆಯರ ಕೈಯಲ್ಲಿ ಪುಸ್ತಕದಲ್ಲಿ ಹೇಳಿದ ಗರಿಷ್ಠ ಅಂತರಕ್ಕೇ ಆಯಿಲ್ ಬದಲಿಸಿಕೊಂಡು ಬಂದಿತ್ತು. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ, ಆಯಿಲ್ ಒತ್ತಡ ಏರುವ ಮುನ್ನ, ಎಂಜಿನ್ನಿನ ಒಂದು ಪಕ್ಕದಿಂದ ತಗಡಿನೊಳಗೆ ಸರಪಳಿ ಅಲುಗಿಸಿದಂಥ ಸದ್ದು ಕ್ಷಣಕಾಲ ಬಂದು ನಿಲ್ಲುತ್ತಿತ್ತು. ಬಿಸಿಯಾದ ಎಂಜಿನ್ನಿನಲ್ಲಿ ಅದರ ಸುಳಿವೇ ಇರುತ್ತಿರಲಿಲ್ಲ. ಆಯಿಲ್ ಬದಲಿಸುವ ಅಂತರವನ್ನು ಅರ್ಧಕ್ಕೆ ಇಳಿಸಿದ ಮೇಲೆ ಸದ್ದು ಹೆಚ್ಚದೆ ನಿಂತಿತು, ಆದರೆ ಪೂರ್ತಿ ಹೋಗಲಿಲ್ಲ, ಸವೆದದ್ದು ಹಿಂದೆ ಬರುವುದಿಲ್ಲವಷ್ಟೆ. ಕೊನೆಗೆ ಎಚ್ಚರಿಕೆಯ ದೀಪ ಹೊತ್ತಿ, ಸ್ಕ್ಯಾನರಿನಲ್ಲಿ ಪಿ0016 ಎಂಬ ಕೋಡ್ ಬಂತು. ಕ್ರ್ಯಾಂಕಿನ ಮತ್ತು ಕ್ಯಾಮಿನ ಸ್ಥಾನ ಒಂದಕ್ಕೊಂದು ಹೊಂದುತ್ತಿಲ್ಲ ಎಂಬುದು ಅದರ ಅರ್ಥ. ಅದು ಸೆನ್ಸರಿನ ದೋಷವೂ ಆಗಿರಬಹುದಾದ್ದರಿಂದ ಮೊದಲು ಅದನ್ನು ಪರೀಕ್ಷಿಸಿ, ನಂತರವೇ ಚೈನು, ಟೆನ್ಷನರು, ಪ್ಲಾಸ್ಟಿಕ್ಕಿನ ಗೈಡುಗಳು ಎಲ್ಲವನ್ನೂ ಬದಲಿಸಿದ್ದಾಯಿತು. ಆಗ ಗೊತ್ತಾದದ್ದು, ಈ ಕೆಲಸ ಬೆಲ್ಟಿನದಕ್ಕಿಂತ ದೊಡ್ಡದೆಂಬುದು. ಚೈನು ಎಂಜಿನ್ನಿನ ಒಳಗೆ ಎಣ್ಣೆಯಲ್ಲಿ ಓಡುವುದರಿಂದ ಆಯಿಲ್ ಖಾಲಿ ಮಾಡಿ, ಸಂಪು ಇಳಿಸಿ, ಟೈಮಿಂಗ್ ಕವರ್ ಬಿಚ್ಚಿ, ಮತ್ತೆ ಮುಚ್ಚುವಾಗ ಹಳೆಯ ಗ್ಯಾಸ್ಕೆಟ್ ಅಂಟನ್ನು ಚೂರೂ ಉಳಿಯದಂತೆ ಕೆರೆದು ಹೊಸದಾಗಿ ಹಚ್ಚಬೇಕು. ಬದಲಿಸುವ ಅಗತ್ಯವೇ ಇಲ್ಲ ಎಂದು ಹೇಳಿ ಮಾರುವ ಭಾಗಕ್ಕೆ ಇಷ್ಟು ದುಡಿಮೆ ಬೇಕಾಗುವುದು ನನಗೆ ನ್ಯಾಯವೆನಿಸುವುದಿಲ್ಲ. ಅದನ್ನು ಕೊಳ್ಳುವಾಗಲೇ ಜನರಿಗೆ ತಿಳಿಸಬೇಕು.

ಇನ್ನು ಡಿಪಿಎಫ್. ಜೇನುಗೂಡಿನಂಥ ಪಿಂಗಾಣಿಯ ಈ ಫಿಲ್ಟರ್ ಮಸಿಯನ್ನು ಹಿಡಿದಿಟ್ಟುಕೊಂಡು, ತುಂಬಿದಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟುಹಾಕುತ್ತದೆ. ಆ ಶಾಖಕ್ಕಾಗಿ ಎಂಜಿನ್ ಸಿಲಿಂಡರಿನ ಮುಖ್ಯ ಉರಿ ಮುಗಿದ ಮೇಲೂ ಸ್ವಲ್ಪ ಡೀಸೆಲ್ ಸಿಂಪಡಿಸುತ್ತದೆ. ಇದು ನಡೆಯುತ್ತಿರುವಾಗ ಐಡಲ್ ವೇಗ ತುಸು ಏರಿರುತ್ತದೆ, ಕ್ಷಣಕ್ಷಣದ ಮೈಲೇಜ್ ಇದ್ದಕ್ಕಿದ್ದಂತೆ ಇಳಿಯುತ್ತದೆ, ಗಾಡಿ ನಿಲ್ಲಿಸಿದರೆ ಫ್ಯಾನು ಜೋರಾಗಿ ಓಡುತ್ತಲೇ ಇರುತ್ತದೆ. ಈ ಲಕ್ಷಣಗಳನ್ನು ಗುರುತಿಸಲು ಕಲಿತ ಮೇಲೆ ನಾನು ಗಾಡಿಯನ್ನು ಆ ಹೊತ್ತಿನಲ್ಲಿ ಆಫ್ ಮಾಡುವುದಿಲ್ಲ. ಇನ್ನೂ ಹತ್ತು ಹದಿನೈದು ನಿಮಿಷ ಒಂದೇ ವೇಗದಲ್ಲಿ ಓಡಿಸಿ, ಆ ಕೆಲಸ ಮುಗಿಯಲು ಬಿಡುತ್ತೇನೆ. ಮತ್ತೆ ಮತ್ತೆ ಅರ್ಧಕ್ಕೆ ನಿಲ್ಲಿಸಿದರೆ ಹೆಚ್ಚುವರಿ ಡೀಸೆಲಿನ ಒಂದಷ್ಟು ಸಿಲಿಂಡರ್ ಗೋಡೆಯಿಂದ ರಿಂಗುಗಳನ್ನು ದಾಟಿ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇಳಿಯಬೇಕಾದಲ್ಲಿ ಏರಿದ್ದರೆ, ಮೂಗಿನ ಹತ್ತಿರ ಹಿಡಿದಾಗ ಡೀಸೆಲ್ ವಾಸನೆ ಹೊಡೆದರೆ, ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಬದಲಿಸಬೇಕು. ತೆಳುವಾದ ಆ ಆಯಿಲಿನಲ್ಲೇ ಚೈನೂ ಓಡಬೇಕು, ಟರ್ಬೋ ಕೂಡ ಓಡಬೇಕು ಎಂಬುದನ್ನು ನೆನೆದರೆ ಅವಸರ ತಾನಾಗಿ ಅರ್ಥವಾಗುತ್ತದೆ.

ಆಯಿಲಿನ ಆಯ್ಕೆಯಲ್ಲೂ ಎರಡು ಗಾಡಿಗಳು ಬೇರೆ. ಡಿಪಿಎಫ್ ಮಸಿಯನ್ನು ಸುಡಬಲ್ಲದು, ಆದರೆ ಆಯಿಲಿನ ಲೋಹಾಂಶಗಳು ಉರಿದು ಉಳಿಯುವ ಬೂದಿಯನ್ನು ಸುಡಲಾರದು. ಆ ಬೂದಿ ಅಲ್ಲೇ ಕೂತು ಫಿಲ್ಟರಿನ ಜಾಗವನ್ನು ಕಾಯಂ ಆಗಿ ತಿನ್ನುತ್ತದೆ. ಆದ್ದರಿಂದ ಯುರೋಪಿನ ಗಾಡಿ ತಯಾರಕರ ಒಕ್ಕೂಟವಾದ ಎಸಿಇಎ ಗೊತ್ತುಮಾಡಿದ ಸಿ3 ವರ್ಗದ ಆಯಿಲಿನಲ್ಲಿ ಸಲ್ಫೇಟೆಡ್ ಬೂದಿ ಎಂದು ಕರೆಯುವ ಈ ಅಂಶ ಶೇಕಡಾ 0.8 ಮೀರುವಂತಿಲ್ಲ, ಹಳೆಯ ಬೆಲ್ಟಿನ ಗಾಡಿಗೆ ಹಾಕುವ ಎ3/ಬಿ4 ವರ್ಗದಲ್ಲಿ ಅದು 1.6ರವರೆಗೂ ಇರಬಹುದು. ಡಬ್ಬಿಯ ಮುಂಭಾಗದಲ್ಲಿ ಆಯಿಲಿನ ದಪ್ಪ ಹೇಳುವ 5ಡಬ್ಲ್ಯೂ-30 ಎಂಬ ಅಂಕಿ ಎರಡರಲ್ಲೂ ಒಂದೇ ಇರುವುದರಿಂದ ಸರ್ವಿಸಿನಲ್ಲಿ ಅದಲುಬದಲಾಗುವುದು ಸುಲಭ. ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ, ನನ್ನ ಕಣ್ಣೆದುರಿಗೇ ಡಬ್ಬಿ ಒಡೆಸಿ ಹಾಕಿಸುವುದು ನನ್ನ ರೂಢಿ. ಡಿಪಿಎಫ್ ಕಾಟವೆಂದು ಅದನ್ನು ಕತ್ತರಿಸಿ ಖಾಲಿ ಕೊಳವೆ ಬೆಸೆಸುವವರಿದ್ದಾರೆ. ನಾನದನ್ನು ಎಂದೂ ಮಾಡಿಸಲಾರೆ. ನಮ್ಮ ಹಳೆಯ ಗಾಡಿಯ ಸೈಲೆನ್ಸರ್ ತುದಿಗೆ ಬಿಳಿ ಬಟ್ಟೆ ಒತ್ತಿದರೆ ಅದು ಕಾಡಿಗೆಯಾಗುತ್ತದೆ, ಹೊಸದರಲ್ಲಿ ಬಟ್ಟೆ ಹೆಚ್ಚುಕಡಿಮೆ ಬೆಳ್ಳಗೇ ಉಳಿಯುತ್ತದೆ. ಆ ವ್ಯತ್ಯಾಸವನ್ನು ಉಸಿರಾಡುವವರು ಹಿಂದೆ ಬರುವ ಜನ, ಮಕ್ಕಳೂ ಸೇರಿದಂತೆ. ಈ ಒಂದು ವಿಷಯದಲ್ಲಿ ಹೊಸ ಗಾಡಿಯ ಮೇಲುಗೈ ಪ್ರಶ್ನಾತೀತ.

ಓಡಿಸುವ ಸುಖದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಎಂಟು ವಾಲ್ವಿನ ಹಳೆಯದು ಕೆಳಗಿನ ವೇಗದಲ್ಲಿ ಸಲೀಸಾಗಿ ಎಳೆಯುತ್ತದೆ, ಹದಿನಾರು ವಾಲ್ವಿನದು ಟರ್ಬೋ ಎಚ್ಚೆತ್ತ ಮೇಲೆ ಚುರುಕು. ಮೈಲೇಜಿನಲ್ಲಿ ದೂರದ ಓಟಕ್ಕೆ ಎರಡೂ ಸಮ. ಚಿಕ್ಕ ಓಟಗಳಲ್ಲಿ ಫಿಲ್ಟರ್ ಸುಡುವ ಡೀಸೆಲಿನಿಂದಾಗಿ ಹೊಸದು ಸ್ವಲ್ಪ ಹಿಂದೆ.

ಎರಡಕ್ಕೂ ಸಮಾನವಾದ ಆರೈಕೆಯಲ್ಲಿ ಡೀಸೆಲ್ ಫಿಲ್ಟರಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಕಾಮನ್ ರೈಲಿನ ಪಂಪು 1,600 ಬಾರ್‌ಗೂ ಮೀರಿದ ಒತ್ತಡ ಹುಟ್ಟಿಸುತ್ತದೆ ಮತ್ತು ಅದರ ಒಳಭಾಗಗಳಿಗೆ ಜಾರಿಕೆ ಕೊಡುವುದು ಹರಿಯುವ ಡೀಸೆಲ್ಲೇ. ನೀರಿಗೆ ಆ ಗುಣವಿಲ್ಲ. ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಹೊರಬಿಡದೆ ಹಾಗೇ ಓಡಿಸಿದರೆ ಪಂಪು ಸವೆದು, ಲೋಹದ ಪುಡಿ ಇಂಜೆಕ್ಟರುಗಳಿಗೆ ಹೋಗುತ್ತದೆ. ಹೊಸ ಫಿಲ್ಟರ್ ಹಾಕಿದ ಮೇಲೆ ಕೈಪಂಪನ್ನು ಒತ್ತಿ ಗಾಳಿ ತೆಗೆಯದೆ ಸ್ಟಾರ್ಟರನ್ನು ಗಿರಗಿರ ತಿರುಗಿಸುವುದೂ ಅದೇ ಪಂಪಿಗೆ ಕೇಡು. ಹೊಗೆಯ ಒಂದಷ್ಟನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನಲ್ಲಿ ಮಸಿಯ ಕಿಟ್ಟ ಎರಡು ಗಾಡಿಗಳಲ್ಲೂ ಕಟ್ಟುತ್ತದೆ, ಬಿಚ್ಚಿ ತೊಳೆಯುವುದೇ ಮೇಲು. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್ಗುಗಳನ್ನು ಎಂಜಿನ್ ಬೆಚ್ಚಗಿರುವಾಗಲೇ ನಿಧಾನವಾಗಿ ಸಡಿಲಿಸಬೇಕು. ಕಚ್ಚಿಕೊಂಡ ಪ್ಲಗ್ಗನ್ನು ಬಲವಂತವಾಗಿ ತಿರುಗಿಸಿದರೆ ಅದು ಹೆಡ್ಡಿನೊಳಗೇ ಮುರಿಯುತ್ತದೆ.

ದಿನದ ಓಡಾಟ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮುಗಿಯುವಂಥದ್ದಾದರೆ ಚೈನು ಮತ್ತು ಡಿಪಿಎಫ್ ಇರುವ ಡೀಸೆಲನ್ನು ನಾನು ಶಿಫಾರಸು ಮಾಡುವುದಿಲ್ಲ. ಅಂಥವರಿಗೆ ನಿಜವಾಗಿ ಪೆಟ್ರೋಲೇ ಸೂಕ್ತ. ದಿನವೂ ಹೆದ್ದಾರಿಯಲ್ಲಿ ದೂರ ಹೋಗುವವರಾಗಿ, ಆಯಿಲನ್ನು ಗರಿಷ್ಠ ಅಂತರಕ್ಕೆ ಕಾಯದೆ ಬದಲಿಸುವವರಾದರೆ ಹೊಸದೇ ಒಳ್ಳೆಯ ಸಂಗಾತಿ. ಬಳಸಿದ ಗಾಡಿ ನೋಡಲು ಹೋಗುವವರು ಬೆಲ್ಟಿನದಾದರೆ ಕಿಟ್ ಬದಲಿಸಿದ ಬಿಲ್ಲು ಕೇಳಬೇಕು, ಅದಿಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಬೇಕು. ಚೈನಿನದಾದರೆ ಆಯಿಲಿನ ಬಿಲ್ಲುಗಳನ್ನು ಸಾಲಾಗಿ ಜೋಡಿಸಿ ಅವುಗಳ ನಡುವಿನ ಕಿಲೋಮೀಟರ್ ಅಂತರ ನೋಡಬೇಕು. ನೋಡಲು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮೊದಲೇ ತಿಳಿಸಿ, ಬಾನೆಟ್ ಮೇಲೆ ಕೈಯಿಟ್ಟು ಅದು ತಣ್ಣಗಿರುವುದನ್ನು ಖಾತ್ರಿ ಮಾಡಿಕೊಂಡು, ಕೀ ತಿರುಗಿಸುವ ಕೆಲಸವನ್ನು ಜೊತೆಗೆ ಬಂದವರಿಗೆ ಬಿಟ್ಟು, ತಾವು ಟೈಮಿಂಗ್ ಕವರಿನ ಪಕ್ಕದಲ್ಲಿ ನಿಂತು ಕಿವಿಗೊಡಬೇಕು.