ದಿನಾ ಬರೋ ಲಿಂಕ್ ಡೈಜೆಸ್ಟ್: ಆಯ್ಕೆ ಅದ್ಭುತ, ಹಳೇ ಸಂಚಿಕೆ ಮಾತ್ರ ಯಾವ ಉಪಯೋಗಕ್ಕೂ ಇಲ್ಲ

ಬೆಳಿಗ್ಗೆ ಮೇಲ್‌ಗೆ ಬರೋ ಈ ಲಿಂಕ್ ಡೈಜೆಸ್ಟನ್ನ ಹಲವು ವರ್ಷದಿಂದ ಓದ್ತಿದೀನಿ, ಅದರಲ್ಲಿ ಸುಮಾರು ಕಾಲ ದುಡ್ಡು ಕೊಟ್ಟೇ ಓದಿದೀನಿ. ಹೆಸರು ಹೇಳಲ್ಲ, ಯಾಕಂದ್ರೆ ಕೆಳಗೆ ಬರೆದಿರೋ ತೊಂದರೆ ಇದೊಂದರದ್ದೇ ಅಲ್ಲ, ಇದೇ ಥರದ ಬೇರೆ ನ್ಯೂಸ್‌ಲೆಟರ್‌ಗಳಲ್ಲೂ ನೋಡಿದೀನಿ. ಒಳಗೆ ಏನಿರತ್ತೆ ಅಂತ ನಿಮಗೆ ಗೊತ್ತೇ ಇರತ್ತೆ, ಒಂದಷ್ಟು ಸುದ್ದಿ, ಒಂದಷ್ಟು ಟೆಕ್, ಸಿನಿಮಾ, ಗೇಮ್, ಮ್ಯೂಸಿಕ್, ಪ್ರತಿ ಲಿಂಕ್‌ಗೂ ಎರಡು ಸಾಲಿನ ಪರಿಚಯ.

ನಾನು ದುಡ್ಡು ಕೊಟ್ಟಿದ್ದು ಆ ಎರಡು ಸಾಲಿಗೇ. 2023ರ ನವೆಂಬರ್‌ನಲ್ಲಿ ನಾಸಾದ ಗಗನನೌಕೆ ವಾಯೇಜರ್ 1 ಅರ್ಥವಿಲ್ಲದ ಡೇಟಾ ಕಳಿಸೋಕೆ ಶುರು ಮಾಡ್ತಲ್ಲ, ಆಗ ಎಲ್ಲಿ ನೋಡಿದ್ರೂ ಒಂದೇ ಸುದ್ದಿನ ಹತ್ತು ಥರ ತಿರುಗಿಸಿ ಬರೆದಿದ್ರು. ಇವರು ಮಾತ್ರ ನೇರವಾಗಿ ನಾಸಾದವರದ್ದೇ ವಿವರಣೆಗೆ ಲಿಂಕ್ ಕೊಟ್ರು. 2024ರ ಏಪ್ರಿಲ್‌ನಲ್ಲಿ ಅದು ಸರಿಹೋದಾಗ ಏನು ಮಾಡಿದ್ರು ಅಂತಾನೂ ಚಿಕ್ಕದಾಗಿ ಹೇಳಿದ್ರು: ಕೆಟ್ಟಿದ್ದು ಒಂದು ಚಿಪ್, ಅದರಲ್ಲಿದ್ದ ಕೋಡ್ ಪೂರ್ತಿ ಹಿಡಿಯೋವಷ್ಟು ಜಾಗ ಬೇರೆಲ್ಲೂ ಒಂದೇ ಕಡೆ ಇರ್ಲಿಲ್ಲ, ಅದಕ್ಕೇ ತುಂಡು ತುಂಡು ಮಾಡಿ ಮೆಮೊರಿಯ ಬೇರೆ ಬೇರೆ ಕಡೆ ಇಟ್ರು, ಒಂದು ಕಮಾಂಡ್ ಅಲ್ಲಿಗೆ ತಲುಪೋಕೇ 22 ಗಂಟೆ ಮೇಲೆ ಬೇಕು, ಉತ್ತರ ವಾಪಸ್ ಬರೋಕೆ ಮತ್ತೆ ಅಷ್ಟೇ ಹೊತ್ತು. ಇಷ್ಟು ಓದಿದ ಮೇಲೆ ಲಿಂಕ್ ಒತ್ತದೇ ಇರೋಕೆ ಆಗತ್ತಾ? ನಿಂಟೆಂಡೊದ ಹಳೇ ಟೆಟ್ರಿಸನ್ನ 13 ವರ್ಷದ ಹುಡುಗ ಒಬ್ಬ ಗೇಮೇ ಫ್ರೀಜ್ ಆಗೋ ತನಕ ಆಡಿದ ಸುದ್ದಿ ಬಂದಾಗಲೂ ಅಷ್ಟೇ, ಇಡೀ ವಿಡಿಯೊನ ತಂದು ಮುಂದೆ ಹಾಕ್ಲಿಲ್ಲ, 157ನೇ ಲೆವೆಲ್‌ನಲ್ಲಿ ಸ್ಕ್ರೀನ್ ನಿಂತುಹೋಗೋಕೆ ಸ್ವಲ್ಪ ಮುಂಚಿನ ಜಾಗದಿಂದ ಶುರುವಾಗೋ ಲಿಂಕ್ ಕೊಟ್ಟಿದ್ರು. ಓದೋರ ಟೈಮ್ ಬಗ್ಗೆ ಮರ್ಯಾದೆ ಇರೋರು ಮಾಡೋ ಕೆಲಸ ಇದು.

ನಾನು ಇದನ್ನ ಫೋನಲ್ಲಿ ಓದಲ್ಲ. ಲ್ಯಾಪ್‌ಟಾಪ್ ತೆಗೆದು ಮೊದಲು ಮೇಲಿಂದ ಕೆಳಗಿನ ತನಕ ಪರಿಚಯ ಮಾತ್ರ ಓದ್ತೀನಿ, ಆಸಕ್ತಿ ಹುಟ್ಟಿಸಿದ್ದನ್ನ ಹೊಸ ಟ್ಯಾಬಲ್ಲಿ ತೆಗೆದಿಡ್ತೀನಿ, ಆಮೇಲೆ ಕೊನೇ ಟ್ಯಾಬಿಂದ ಹಿಂದಕ್ಕೆ ಒಂದೊಂದೇ ಓದಿ ಮುಚ್ತಾ ಬರ್ತೀನಿ. ಎಲ್ಲಾ ಮುಚ್ಚಿದ್ರೆ ಅವತ್ತಿನದು ಮುಗೀತು. ಈ ಮುಗಿಯೋದು ಅನ್ನೋದು ಇದೆಯಲ್ಲ, ಅದೇ ನಂಗೆ ಅತಿ ದೊಡ್ಡ ಖುಷಿ, ಯಾಕಂದ್ರೆ ಸೋಶಿಯಲ್ ಮೀಡಿಯಾ ಫೀಡ್‌ಗೆ ತಳವೇ ಇಲ್ಲ, ಎಷ್ಟು ಎಳೆದ್ರೂ ಬರ್ತಾನೇ ಇರತ್ತೆ, ಎದ್ದಾಗ ಏನು ಓದಿದ್ದು ಅಂತಾನೂ ನೆನಪಿರಲ್ಲ.

ಇಷ್ಟು ದಿನ ಯಾರು ಕೇಳಿದ್ರೂ ಕಣ್ಣು ಮುಚ್ಕೊಂಡು ತಗೊಳ್ಳಿ ಅಂತಿದ್ದೆ. ಈಗ ಹಾಗೆ ಹೇಳಲ್ಲ.

ಕಾರಣ ಲಿಂಕ್‌ಗಳೇ. ಮೊದಲೆಲ್ಲಾ ಲಿಂಕ್ ಮೇಲೆ ಮೌಸ್ ಇಟ್ರೆ ಅಸಲಿ ವಿಳಾಸ ಕಾಣ್ತಿತ್ತು, ಯಾವ ಸೈಟಿಗೆ ಹೋಗ್ತಿದೀವಿ ಅಂತ ಒತ್ತೋಕೆ ಮುಂಚೇನೇ ಗೊತ್ತಾಗ್ತಿತ್ತು. ಆಮೇಲೆ ಒಂದು ದಿನದಿಂದ ಅಲ್ಲಿ ಅರ್ಥವಿಲ್ಲದ ಅಕ್ಷರ, ಅಂಕಿಗಳ ಉದ್ದನೆ ಸಾಲು ಬರೋಕೆ ಶುರುವಾಯ್ತು. ಅಂದ್ರೆ ಒತ್ತಿದ ತಕ್ಷಣ ಮೊದಲು ಅವರ ಮೇಲ್ ಸರ್ವಿಸ್‌ನ ಸರ್ವರಿಗೆ ಹೋಗತ್ತೆ, ಅಲ್ಲಿ ಯಾರು ಯಾವುದನ್ನ ಒತ್ತಿದ್ರು ಅಂತ ಲೆಕ್ಕ ಬರ್ಕೊಂಡು, ಆಮೇಲೆ ಅಸಲಿ ಪೇಜಿಗೆ ಕಳಿಸತ್ತೆ. ಆಗ ಸ್ವಲ್ಪ ಕಿರಿಕಿರಿ ಆದ್ರೂ ಸುಮ್ನಿದ್ದೆ. ಆದ್ರೆ ಅವರು ಮೇಲ್ ಸರ್ವಿಸ್ ಬದಲಾಯಿಸಿದ ಮೇಲೆ ಹಳೇ ಸರ್ವಿಸ್‌ನ ಆ ವಿಳಾಸಗಳೆಲ್ಲಾ ಒಟ್ಟಿಗೆ ಸತ್ತುಹೋದ್ವು. ನಾನು ಜೋಪಾನವಾಗಿ ಫೋಲ್ಡರ್ ಮಾಡಿ ಇಟ್ಟಿದ್ದ ಹಳೇ ಸಂಚಿಕೆಗಳಲ್ಲಿ ಈಗ ಪರಿಚಯದ ಸಾಲು ಇದೆ, ಲಿಂಕ್ ಒತ್ತಿದ್ರೆ ಬರೀ ಎರರ್. ಆ ಪೇಜ್‌ಗಳು ಬೇಕಾದ್ರೆ ಇಂಟರ್ನೆಟ್ಟಲ್ಲಿ ಈಗಲೂ ಆರಾಮಾಗಿ ಇರಬಹುದು, ನಂಗೆ ಮಾತ್ರ ಅಲ್ಲಿಗೆ ದಾರಿ ಇಲ್ಲ.

ವೆಬ್ ಪೇಜ್‌ಗಳು ತಾವಾಗೇ ಮಾಯ ಆಗೋದೇನೂ ಕಮ್ಮಿ ಇಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿ ಇದ್ದ ಪೇಜ್‌ಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ಸಿಗ್ತಿರ್ಲಿಲ್ಲ. ಆದ್ರೆ ಅದಕ್ಕೊಂದು ಉಪಾಯ ಇದೆ, ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮೆಷಿನ್‌ಗೆ ಹೋಗಿ ಹಳೇ ವಿಳಾಸ ಹಾಕಿದ್ರೆ ಎಷ್ಟೋ ಸಲ ಉಳಿಸಿಟ್ಟ ಪ್ರತಿ ಸಿಗತ್ತೆ. ಹಾಕೋಕೆ ಅಸಲಿ ವಿಳಾಸ ಬೇಕಲ್ಲ! ಅದನ್ನೇ ಮುಚ್ಚಿಟ್ಟು ಮೇಲೆ ತಮ್ಮ ಕೋಡ್ ಅಂಟಿಸಿದ್ರೆ ಏನು ಹಾಕೋದು. 1997ರಲ್ಲಿ ಸ್ಲ್ಯಾಶ್‌ಡಾಟ್, 1999ರಲ್ಲಿ ಮೆಟಾಫಿಲ್ಟರ್ ಅನ್ನೋ ಲಿಂಕ್ ಹಂಚ್ಕೊಳ್ಳೋ ಸೈಟ್‌ಗಳು ಶುರುವಾದ ಕಾಲದಿಂದ ಜನ ಇದೇ ಕೆಲಸ ಮಾಡ್ಕೊಂಡು ಬಂದಿದಾರೆ, ಒಳ್ಳೇದು ಕಂಡ್ರೆ ಎರಡು ಮಾತು ಬರೆದು ನೇರ ಲಿಂಕ್ ಕೊಡೋದು. ಆಗಿನ ಪೋಸ್ಟ್‌ಗಳಲ್ಲಿ ಲಿಂಕ್ ಸತ್ತಿದ್ರೂ ವಿಳಾಸ ಉಳಿದಿದೆ, ಹುಡುಕೋಕೆ ಒಂದು ಎಳೆ ಇದೆ. ಅಷ್ಟು ಹಳೇದಕ್ಕೆ ಸಿಗೋ ಅನುಕೂಲ ನಾನು ದುಡ್ಡು ಕೊಟ್ಟು ತಗೊಂಡಿದ್ದಕ್ಕೆ ಇಲ್ಲ ಅಂದ್ರೆ ಹೊಟ್ಟೆ ಉರಿಯತ್ತೆ.

ಬರೆದು ಕೇಳಿದೆ. ಉತ್ತರ ಬಂತು, ಮರ್ಯಾದೆಯಿಂದಾನೇ ಬಂತು: ಸ್ಪಾನ್ಸರ್‌ಗಳಿಗೆ ಕ್ಲಿಕ್ ಲೆಕ್ಕ ತೋರಿಸ್ಬೇಕಾಗತ್ತೆ ಅಂತ. ಸರಿ, ಸ್ಪಾನ್ಸರ್ ಲಿಂಕ್‌ಗೆ ಲೆಕ್ಕ ಇಡ್ಲಿ, ಬೇಡ ಅನ್ನಲ್ಲ. ಮಿಕ್ಕಿದ್ದಕ್ಕೆ ಯಾಕೆ? ದುಡ್ಡು ಕೊಟ್ಟೋರ ಮೇಲ್‌ನಲ್ಲಾದ್ರೂ ನೇರ ಲಿಂಕ್ ಕೊಡಬಹುದಲ್ಲ, ಇದಕ್ಕೆ ಉತ್ತರ ಬರ್ಲಿಲ್ಲ.

ಆಮೇಲೆ ಒಂದು ಸಮಾಧಾನ ಸಿಕ್ತು. ಅವರ ಸೈಟಿಗೆ ಆರ್‌ಎಸ್‌ಎಸ್ ಫೀಡ್ ಇದೆ, ಅಂದ್ರೆ ಸೈಟಲ್ಲಿ ಹೊಸದು ಬಂದಾಗೆಲ್ಲಾ ರೀಡರ್ ಅನ್ನೋ ಆ್ಯಪ್‌ಗೆ ತಾನಾಗೇ ತಲುಪಿಸೋ ಪಟ್ಟಿ, ಎಲ್ಲೂ ಹೇಳ್ಕೊಂಡಿಲ್ಲ ಅಷ್ಟೇ. 1999ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿ ಹುಟ್ಟಿದ ಈ ಆರ್‌ಎಸ್‌ಎಸ್, 2013ರ ಜುಲೈನಲ್ಲಿ ಇಂಥ ಫೀಡ್ ಓದೋಕೆ ಇದ್ದ ಗೂಗಲ್ ರೀಡರ್ ಮುಚ್ಚಿದಾಗಲೇ ಹೋಯ್ತು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಎಲ್ಲೂ ಹೋಗಿಲ್ಲ, ಸೈಟ್ ವಿಳಾಸ ರೀಡರ್ ಆ್ಯಪಲ್ಲಿ ಹಾಕಿ ನೋಡಿ, ಎಷ್ಟೋ ಕಡೆ ತಾನಾಗೇ ಫೀಡ್ ಹುಡುಕಿ ಕೊಡತ್ತೆ. ಈ ಫೀಡಲ್ಲಿ ಅದೇ ಎರಡು ಸಾಲು, ಅದೇ ಆಯ್ಕೆ, ಆದ್ರೆ ಲಿಂಕ್‌ಗಳೆಲ್ಲಾ ನೇರ. ಈಗ ಅದರಲ್ಲೇ ಓದ್ತೀನಿ, ಇಷ್ಟ ಆಗಿದ್ದರ ಅಸಲಿ ವಿಳಾಸನ ಶೀರ್ಷಿಕೆ ಸಮೇತ ಒಂದು ಟೆಕ್ಸ್ಟ್ ಫೈಲಲ್ಲಿ ಹಾಕಿಡ್ತೀನಿ.

ದುಡ್ಡು ಕೊಡೋ ಪ್ಲಾನ್ ನಿಲ್ಲಿಸಿದೀನಿ, ಯಾಕಂದ್ರೆ ಅದರಲ್ಲಿ ಹೆಚ್ಚಿಗೆ ಸಿಗ್ತಿದ್ದೇ ಹಳೇ ಸಂಚಿಕೆಗಳ ಸಂಗ್ರಹ, ಅದೇ ಕೆಲಸಕ್ಕೆ ಬರಲ್ಲ ಅಂದ್ಮೇಲೆ ಇನ್ನೇನು. ಆರಿಸೋರಿಗೆ ಐದಕ್ಕೆ ಐದು, ಕಳಿಸೋ ರೀತಿಗೆ ಎರಡು. ಹೊಸದಾಗಿ ಸೇರೋರು ಫ್ರೀ ಫೀಡಿಂದ ಶುರು ಮಾಡಿ. ದುಡ್ಡು ಕೊಡೋ ಮನಸ್ಸಿದ್ರೆ ಮೊದಲು ಅವರ ಒಂದು ಹಳೇ ಮೇಲ್ ಯಾರ ಹತ್ರನಾದ್ರೂ ಫಾರ್ವರ್ಡ್ ಮಾಡಿಸ್ಕೊಂಡು, ಲಿಂಕ್ ಮೇಲೆ ಮೌಸ್ ಇಟ್ಟು ಯಾವ ವಿಳಾಸ ಕಾಣತ್ತೆ ನೋಡಿ, ನೇರ ಲಿಂಕ್ ಇದ್ರೆ ಮಾತ್ರ ಮುಂದುವರೀರಿ.