ಡೈಲಾಗ್ ಬಾಕ್ಸ್ ಅನಿಮೇಷನ್‌ಗೆ ರೊಕ್ಕ ಕೊಡೂ ಮೊದ್ಲ ನಿಮ್ಮ ಕನ್ನಡ ಸಾಲು ಅದರಾಗ ಓಡಿಸಿ ನೋಡ್ರಿ
ಕನ್ನಡದಾಗ ವಿಷುಯಲ್ ನಾವೆಲ್ ಗೇಮ್ (ಚಿತ್ರ ನೋಡ್ಕೊಂತ ಕಥಿ ಓದೋ ಆಟ) ಮಾಡಾಕ ಹೊಂಟೋರು ಯಾರರ ಇದ್ರ ದಯವಿಟ್ಟು ಇದನ್ನ ಪೂರ್ತಿ ಓದ್ರಿ. ಅನಿಮೇಟೆಡ್ ಡೈಲಾಗ್ ಬಾಕ್ಸ್ (ಪಾತ್ರದ ಮಾತು ಮೂಡೋ ಡಬ್ಬಿ) ಮಾಡಿಕೊಡ್ತೀವಿ ಅಂತ ಬರೋರು ತೋರಿಸೋ ಇಂಗ್ಲಿಷ್ ಡೆಮೋ ವಿಡಿಯೋ ನೋಡಿ ಅಡ್ವಾನ್ಸ್ ಕೊಡಬ್ಯಾಡ್ರಿ. ನಿಮ್ಮ ಸ್ಕ್ರಿಪ್ಟಿನ ಕನ್ನಡ ಸಾಲನ್ನ, ನಿಮ್ಮ ಫಾಂಟಿನಾಗ, ಒಂದು ಸಾದಾ ಫೋನಿನ ಮ್ಯಾಲ ಓಡಿಸಿ ತೋರಿಸೋ ತನಕ ಒಂದು ರೂಪಾಯಿನೂ ಬ್ಯಾಡ. ಕೊಪ್ಪಳದಾಗ ಕುಂತು ನಾವು ಅನುಭವಿಸಿದ್ದನ್ನ ಬರೀತೀನಿ. ಮಾಡಿಕೊಟ್ಟವನ ಹೆಸರು ಹಾಕಂಗಿಲ್ಲ, ಏನೇನು ಕೆಟ್ಟಿತು ಯಾಕ ಕೆಟ್ಟಿತು ಅನ್ನೋದು ನಿಮಗ ಹೆಸರಿಗಿಂತ ಹೆಚ್ಚು ಉಪಯೋಗಕ್ಕ ಬರ್ತೈತಿ.

ನಮ್ಮ ಗೇಮಿನ ಕಥಿ ಕಿನ್ನಾಳದ್ದು. ಬೊಂಬಿ ಮಾಡೋ ಮನಿಯಾಗ ಹುಟ್ಟಿದ ಹುಡುಗಿ ಬೆಂಗಳೂರು ಬಿಟ್ಟು ಹೊಳ್ಳಿ ಊರಿಗೆ ಬರ್ತಾಳ, ಅಪ್ಪಗೂ ಅಕಿಗೂ ಮಾತು ಕಮ್ಮಿ, ಆ ಕಮ್ಮಿ ಮಾತಿನ ಮ್ಯಾಲನ ಇಡೀ ಕಥಿ ನಿಂತೈತಿ. ನಾನು ಸ್ಕ್ರಿಪ್ಟ್ ಬರ್ಯಾಕಿ, ನಮ್ಮ ಚಿಗವ್ವನ ಮಗ ಕೋಡ್ ನೋಡ್ಕೊಳ್ಳಾವ, ಚಿತ್ರ ಬರಿಯೋ ಗೆಳತಿ ಒಬ್ಬಾಕಿ. ವಾಯ್ಸ್ ಆಕ್ಟಿಂಗಿಗೆ ರೊಕ್ಕ ಇಲ್ಲ. ಅಂದ್ರ ಪಾತ್ರದ ದನಿ ಅಂತ ಏನಾರ ಇದ್ರ ಅದು ಆ ಡೈಲಾಗ್ ಬಾಕ್ಸೇ ಆಗಿರ್ತೈತಿ, ಅದು ಹೆಂಗ ಬರ್ತೈತಿ, ಅಕ್ಷರ ಎಷ್ಟು ನಿಧಾನ ಮೂಡ್ತಾವ, ಎಲ್ಲಿ ತಡೀತಾವ, ಸಿಟ್ಟಿನ ಮಾತಿಗೆ ಹೆಂಗ ನಡುಗ್ತೈತಿ ಅನ್ನೋದ ಅಭಿನಯ. ಅದಕ್ಕ ಅದೊಂದು ಕೆಲ್ಸ ಚಂದಾಗಿ ಬರ್ಲಿ ಅಂತ ಬ್ಯಾರೆಯವರಿಗೆ ಕೊಟ್ವಿ. ಗವಿಮಠದ ಜಾತ್ರಿ ಹೊತ್ತಿಗೆ ಸಣ್ಣ ಡೆಮೋ ತಯಾರಿಟ್ಟು ಬಂದ ಮಂದಿ ಕೈಯಾಗ ಕೊಟ್ಟು ಆಡಿಸಬೇಕು ಅಂತ ಆಸೆ ಇತ್ತು.

ಮೊದಲ ಮೆಸೇಜಿನಾಗ ನಾವು ಕೇಳಿದ್ದು ಇದನ್ನ, ಗೇಮ್ ಪೂರ್ತಿ ಕನ್ನಡದಾಗ ಐತಿ, ಕನ್ನಡ ಅಕ್ಷರ ಸರಿ ಬರ್ತಾವೇನು ಅಂತ. ಕೆಲ್ಸ ಹಿಡಿದವ ಹೇಳಿದ್ದು "ಯಾವ ಲಾಂಗ್ವೇಜ್ ಆದ್ರೂ ವರ್ಕ್ ಆಗತ್ತೆ ಮೇಡಂ, ಟೆಕ್ಸ್ಟ್ ಅಷ್ಟೇ ತಾನೇ". ಈ ಮಾತು ಯಾರ ಬಾಯಿಂದ ಬಂದ್ರೂ ಅಲ್ಲೇ ನಿಲ್ಲಿಸಿ ಸಾಬೀತು ಕೇಳ್ರಿ.

ನಾವು ವಾಪರಿಸೋದು ರೆನ್‌ಪೈ ಅನ್ನೋ ವಿಷುಯಲ್ ನಾವೆಲ್ ಮಾಡೋ ಎಂಜಿನ್ (ಸಾಫ್ಟ್‌ವೇರ್). ಅದು ಸುಮ್ನ ಕೊಡೋ ಬಾಕ್ಸು ಸಾದಾ ಇರ್ತೈತಿ ಖರೇ, ಆದ್ರ ಒಳಗಿನ ಕೆಲ್ಸ ಭಾಳ ಶಿಸ್ತಿಂದು. ಪೂರ್ತಿ ಸಾಲನ್ನ ಮೊದ್ಲ ಅಳತಿ ಮಾಡಿ ಜೋಡಿಸಿ ಇಡ್ತೈತಿ, ಯಾವ ಪದ ಯಾವ ಸಾಲಿಗೆ ಅಂತ ನಿರ್ಧಾರ ಆಗಿರ್ತೈತಿ, ಆಮ್ಯಾಲ ಒಂದೊಂದ ತೋರಿಸ್ಕೊಂತ ಹೋಗ್ತೈತಿ. ಇತ್ತೀಚಿನ ಆವೃತ್ತಿಗಳಾಗ ಹಾರ್ಫ್‌ಬಝ್ ಅನ್ನೋ ಅಕ್ಷರ ಜೋಡಣೆ ಲೈಬ್ರರಿನೂ ಸೇರೈತಿ, ಅದರಿಂದ ನಮ್ಮ ಒತ್ತಕ್ಷರ ಸರಿ ಕೂಡ್ತಾವ. ಅದರ ಸಂಗಟ ಬರೋ ಡೀಫಾಲ್ಟ್ ಫಾಂಟು ಡೇಜಾವು ಸಾನ್ಸ್, ಅದರಾಗ ಕನ್ನಡ ಇಲ್ಲ, ಬರೀ ಚೌಕ ಡಬ್ಬಿ ಕಾಣ್ತಾವ, ಅದಕ್ಕ ನೋಟೋ ಸಾನ್ಸ್ ಕನ್ನಡ ಇಲ್ಲಾ ಬಲೂ ತಮ್ಮ ಅಂಥಾ ಫಾಂಟು ಹಾಕ್ಕೋಬೇಕು. ಅಷ್ಟು ಮಾಡಿದ್ರ ಕನ್ನಡ ಓಡ್ತೈತಿ.

ಈ ಪುಣ್ಯಾತ್ಮ ಮಾಡಿದ್ದೇನಂದ್ರ ಆ ಚೊಲೋ ಇದ್ದ ವ್ಯವಸ್ಥಾನ ಕಿತ್ತು ಹಾಕಿ ತಂದ ಒಂದು ಟೈಪ್‌ರೈಟರ್ ಎಫೆಕ್ಟ್ ತುರುಕ್ಯಾನ. ಪ್ರತಿ ಸಲ ಸಾಲಿನ ಮೊದಲ ಇಷ್ಟು ಕ್ಯಾರೆಕ್ಟರ್ ಕತ್ತರಿಸಿ ತೋರ್ಸು, ಮುಂದಿನ ಸಲ ಒಂದು ಹೆಚ್ಚು ತೋರ್ಸು, ಇಷ್ಟ ಅದರ ತಲಿ. ಇಂಗ್ಲಿಷಿಗೆ ಅದು ನಡೀತೈತಿ, ಅಲ್ಲಿ ಒಂದು ಅಕ್ಷರಕ್ಕ ಒಂದು ಯೂನಿಕೋಡ್ ನಂಬರು, ಅಂದ್ರ ಕಂಪ್ಯೂಟರ್ ಅಕ್ಷರ ಗುರುತಿಡೋ ನಂಬರು. ನಮ್ಮಲ್ಲಿ ಹಂಗಿಲ್ಲ. ಕೊಪ್ಪಳ ಅನ್ನೋ ಪದ ಕಣ್ಣಿಗೆ 3 ಅಕ್ಷರ, ಕಂಪ್ಯೂಟರಿಗೆ 6. ಕ, ಒಕಾರದ ಚಿಹ್ನೆ, ಪ, ವಿರಾಮ (ಪ್ ಅಂತ ಅರ್ಧ ಮಾಡೋ ಚಿಹ್ನೆ), ಮತ್ತೊಂದು ಪ, ಳ. ಅದನ್ನ ಒಂದೊಂದ ಕತ್ತರಿಸಿ ತೋರಿಸಿದ್ರ ಪರದೆ ಮ್ಯಾಲ ಬರೋದು ಕ, ಕೊ, ಕೊಪ, ಕೊಪ್, ಕೊಪ್ಪ, ಕೊಪ್ಪಳ. ನಡುವ ಬಂದ ಆ ಕೊಪ ಮತ್ತ ಕೊಪ್ ಎರಡೂ ತಪ್ಪು ರೂಪ, ಓದೋರ ಕಣ್ಣಿಗೆ ಚುಚ್ಚಿ ಹೋಗ್ತಾವ. ಸ್ತ್ರೀ ಅನ್ನೋ ಒಂದ ಅಕ್ಷರದಾಗ 6 ನಂಬರು ಅದಾವ, ಅದು ಅಲ್ಲೇ ಕುಂತಲ್ಲೇ ರೂಪ ಬದಲಿಸ್ಕೊಂತ ಕುಣೀತೈತಿ, ಮುಂದ ಹೋಗಂಗಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಅರ್ಕಾವತ್ತು ಇರೋ ಪದ. ಸೂರ್ಯ ತಗೊಳ್ರಿ, ಮೊದ್ಲ ಸೂರ ಅಂತ ಬರ್ತೈತಿ, ಆಮ್ಯಾಲ ಸೂರ್, ಮುಂದ ಯ ಬಂದ ಕೂಡ್ಲೆ ಕಂಡಿದ್ದ ರಕಾರ ಮಾಯ ಆಗಿ ಆ ಜಾಗಾದಾಗ ಯ ಬಂದು ಕುಂದರ್ತೈತಿ, ಆಕಡಿ ಅರ್ಕಾವತ್ತು ಮೂಡ್ತೈತಿ. ಓದ್ಕೊಂತ ಹೊಂಟೋರ ಕಣ್ಣು ಹಿಂದಕ್ಕ ಜಿಗೀತಾವ.

ವೇಗದ ಲೆಕ್ಕನೂ ಇದರಿಂದನ ಕೆಟ್ಟಿತು. ಸೆಕೆಂಡಿಗೆ 30 ಕ್ಯಾರೆಕ್ಟರ್ ಅಂತ ಇಟ್ರ ಇಂಗ್ಲಿಷಿನಾಗ 30 ಅಕ್ಷರ ಮೂಡ್ತಾವ, ಕನ್ನಡದಾಗ ಕೊಪ್ಪಳದಂಥಾ ಪದಗಳಿದ್ರ ಹದಿನೈದರ ಆಸುಪಾಸು. ಅದ ಸಾಲಿನಾಗ ಸಾದಾ ಪದ ಬಂದ್ರ ಒಮ್ಮಿಂದೊಮ್ಮೆ ಓಡ್ತೈತಿ. ಅಪ್ಪ ಒಂದ ಮಾತು ಆಡಿ ಸುಮ್ನಾಗೋ ಸೀನಿನಾಗ ಆ ತಡವರಿಕೆ ಬಂದ್ರ ಅವ ತೊದಲತಾನೇನೋ ಅನಿಸ್ತೈತಿ. ನಾನು ಬರೆದ ಮೌನ ಬ್ಯಾರೆ, ಅಲ್ಲಿ ಬಂದ ಮೌನ ಬ್ಯಾರೆ. ಇದು ನನಗ ಭಾಳ ಹೊಟ್ಟಿಗೆ ಹತ್ತಿದ ವಿಷಯ. ರ‍್ಯಾಂಕ್ ಅನ್ನೋವಂಥಾ ಪದದಾಗ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ ಇರ್ತಾವ, ಅದಕ್ಕೂ ಒಂದು ಕ್ಯಾರೆಕ್ಟರ್ ಅಂತ ಲೆಕ್ಕ ಹಿಡಿದು ಸುಮ್ನ ನಿಲ್ತಿತ್ತು, ಟಕ್ ಟಕ್ ಸೌಂಡು ಮಾತ್ರ ಬರ್ತಿತ್ತು.

ಇದನ್ನ ಹೇಳಿದಾಗ ಅವ ಒಂದು ರೆಡಿಮೇಡ್ ಲೈಬ್ರರಿ ಹಾಕಿ ಕಳಿಸಿದ, ಈಗ ಗ್ರಾಫೀಮ್ (ಕಣ್ಣಿಗೆ ಒಂದ ಅಕ್ಷರ ಅನಿಸೋ ತುಂಡು) ಪ್ರಕಾರ ಒಡೀತೀನಿ ಅಂದ. ಗುಣಿತಾಕ್ಷರ ಸರಿ ಆದ್ವು, ಒತ್ತಕ್ಷರ ಆಗ್ಲಿಲ್ಲ. ಅವ ಹಾಕಿದ್ದು ಆ ಅರ್ಧ ಮಾಡೋ ವಿರಾಮ ಆದ ಮ್ಯಾಲ ಒಡೀತಿತ್ತು, ಅಂದ್ರ ಸ್ತ್ರೀ ಹೋಗಿ ಸ್, ತ್, ರೀ ಅಂತ ಮೂರು ತುಂಡು. ಕನ್ನಡಕ್ಕ ಬೇಕಾಗೋ ನಿಯಮ ಸಣ್ಣದೈತಿ, ವಿರಾಮದ ಮುಂದ ವ್ಯಂಜನ ಬಂದ್ರ ಒಡೀಬ್ಯಾಡ, ಹಿಂದಿಂದಕ್ಕ ಸೇರಿಸು. ಕೋಡ್ ನೋಡ್ಕೊಳ್ಳೋ ನಮ್ಮ ತಮ್ಮ ಬರೆದು ಕಳಿಸಿದ್ರೂ ಅವ ಹಾಕ್ಲಿಲ್ಲ, ಅದಕ್ಕ ಎಕ್ಸ್‌ಟ್ರಾ ಚಾರ್ಜ್ ಆಗ್ತೈತಿ ಅಂದ.

ಗೋಡೋ ಅನ್ನೋ ಇನ್ನೊಂದು ಗೇಮ್ ಎಂಜಿನ್ನಿನಾಗ ಮಾಡೋರಿಗೂ ಒಂದು ಮಾತು. 2023ರಾಗ ಬಂದ ಗೋಡೋ 4ರಿಂದ ಕನ್ನಡ ಜೋಡಣೆ ಸರಿ ಬರ್ತೈತಿ, ಗೋಡೋ 3ರಾಗ ಅದು ಇರ್ಲಿಲ್ಲ. ಆದ್ರ 4ರಾಗೂ ಟೆಕ್ಸ್ಟನ್ನ ಸ್ವಲ್ಪ ಸ್ವಲ್ಪ ತೋರಿಸೋ ಸೆಟ್ಟಿಂಗ್ ಒಳಗ, ಜೋಡಣೆಗಿಂತ ಮೊದ್ಲ ಕತ್ತರಿಸಬೇಕೋ ಆದ ಮ್ಯಾಲ ಕತ್ತರಿಸಬೇಕೋ ಅಂತ ಒಂದು ಆಯ್ಕೆ ಐತಿ. ಜೋಡಣೆ ಆದ ಮ್ಯಾಲ ಅನ್ನೋದನ್ನ ಆರಿಸ್ರಿ. ಹಳೇ ಟೆಂಪ್ಲೇಟ್ ಮಾರೋರಿಗೆ ಇದರ ಗೊಡವಿ ಇರಂಗಿಲ್ಲ.

ಇನ್ನು ಬಾಕ್ಸಿನ ಚಲನೆ. ಡೆಮೋ ವಿಡಿಯೋದಾಗ ಬಾಕ್ಸು ಕೆಳಗಿಂದ ಜಾರಿ ಬಂದು ಚೂರು ಪುಟಿದು ನಿಲ್ತಿತ್ತು, ಭಾಳ ಚಂದ. ಆದ್ರ ಆ ವಿಡಿಯೋದಾಗ ಇದ್ದದ್ದ ಒಂದು ಸಾಲು. ರೆನ್‌ಪೈಯಾಗ ಸೇ ಸ್ಕ್ರೀನ್ (ಮಾತು ತೋರಿಸೋ ಪರದೆ) ಅನ್ನೋದು ಪ್ರತಿ ಡೈಲಾಗಿಗೂ ಹೊಸದಾಗಿ ಬರ್ತೈತಿ, ಅದಕ್ಕ ಬಾಕ್ಸಿನ ಮ್ಯಾಲ ಆನ್ ಶೋ (ಪರದೆ ಬಂದ ಕೂಡ್ಲೆ ಓಡು) ಅಂತ ಅನಿಮೇಷನ್ ಕಟ್ಟಿದ್ರ ಪ್ರತಿ ಕ್ಲಿಕ್ಕಿಗೂ ಬಾಕ್ಸು ಕೆಳಗಿಂದ ಜಾರಿ ಬಂದು ಪುಟೀತೈತಿ. ಒಬ್ಬ ಪಾತ್ರ ಸಾಲು ಮ್ಯಾಲ ಸಾಲು ಮಾತಾಡಿದ್ರೂ ಪ್ರತಿ ಸಾಲಿಗೂ ಅದ. ಐದ ನಿಮಿಷ ಓದಿದ ನಮ್ಮ ಗೆಳತಿ ಅವ್ವ "ಏ ತಂಗಿ ಇದು ನಿಲ್ಲಂಗಿಲ್ಲೇನಬೇ, ತಲಿ ತಿರಗಾಕತ್ತೈತಿ" ಅಂತ ಫೋನು ಕೆಳಗಿಟ್ರು. ಬಾಕ್ಸು ಬರೋ ಹೋಗೋ ಚಲನೆಗೆ ರೆನ್‌ಪೈಯಾಗ ಬ್ಯಾರೆ ಜಾಗ ಐತಿ, ವಿಂಡೋ ಶೋ, ವಿಂಡೋ ಹೈಡ್, ವಿಂಡೋ ಆಟೋ ಅಂತ, ಅದಕ್ಕ ಟ್ರಾನ್ಸಿಷನ್ ಕೊಟ್ರ ಮಾತು ಶುರು ಆದಾಗ ಒಮ್ಮೆ ಬರ್ತೈತಿ, ಮುಗಿದಾಗ ಒಮ್ಮೆ ಹೋಗ್ತೈತಿ. ಇದು ಗೊತ್ತಿಲ್ಲದವ ಈ ಕೆಲ್ಸಕ್ಕ ರೊಕ್ಕ ಕೇಳಬಾರ್ದು ಅನ್ನೋದು ನನ್ನ ಅಭಿಪ್ರಾಯ.

ಬಾಕ್ಸನ್ನ ಸೊನ್ನೆಯಿಂದ ದೊಡ್ಡದು ಮಾಡೋ ಎಫೆಕ್ಟು ಒಂದಿತ್ತು, ಅದು ಚಿತ್ರಾನ ಎಳೆದು ಹಿಗ್ಗಿಸ್ತಿತ್ತು. ಗೆಳತಿ ಕಿನ್ನಾಳ ಬೊಂಬಿ ಬಣ್ಣದಾಗ ಬಾಕ್ಸಿಗೆ ಅಂಚು ಬರೆದಿದ್ಲು, ಅದು ಸೊಟ್ಟ ಆತು. ಫ್ರೇಮ್ ಅಂತ ಹಾಕಿದ್ರ ಮೂಲಿ ಹಂಗ ಉಳಿದು ನಡುವಿಂದಷ್ಟ ಹಿಗ್ತೈತಿ. ಎತ್ತರನೂ ಇಂಗ್ಲಿಷಿಗೆ ಅಳದಿದ್ದ, ಕೆಳಗಿನ ಸಾಲಿನ ಒತ್ತು ಬಾಕ್ಸಿನ ಹೊರಗ ಕತ್ತರಿಸಿ ಹೋಗ್ತಿದ್ವು.

ಕ್ಲಿಕ್ಕಿನ ವಿಷಯ ಇನ್ನೂ ಗಂಭೀರ. ವಿಷುಯಲ್ ನಾವೆಲ್ ಓದೋರಿಗೆಲ್ಲಾ ಒಂದು ರೂಢಿ ಇರ್ತೈತಿ, ಅಕ್ಷರ ಮೂಡ್ತಿರುವಾಗ ಒಂದ್ಸಲ ಒತ್ತಿದ್ರ ಸಾಲು ಪೂರ್ತಿ ಬರ್ತೈತಿ, ಇನ್ನೊಮ್ಮೆ ಒತ್ತಿದ್ರ ಮುಂದಿನ ಸಾಲು. ಇವನ ಟೆಂಪ್ಲೇಟಿನಾಗ ಎಂಜಿನ್ನಿಗೆ ಅಕ್ಷರ ಇನ್ನೂ ಮೂಡ್ತಾವ ಅನ್ನೋದ ಗೊತ್ತಾಗ್ತಿರ್ಲಿಲ್ಲ, ಯಾಕಂದ್ರ ತೋರಿಸೋ ಕೆಲ್ಸ ಎಂಜಿನ್ನಿನ ಕೈಯಾಗ ಇಲ್ಲ. ಮೊದಲ ಒತ್ತಿಗೇ ಅರ್ಧ ಸಾಲು ಬಿಟ್ಟು ಮುಂದಕ್ಕ ಹೋಗ್ತಿತ್ತು. ತಾನಾಗೇ ಮುಂದಿನ ಸಾಲಿಗೆ ಹೋಗೋ ಆಟೋ ಮೋಡ್ ಹಾಕಿದ್ರ ಮಾತು ಮುಗಿಯೋ ಮೊದ್ಲ ಜಿಗೀತಿತ್ತು. ಹಿಂದಕ್ಕ ಹೋಗಿ ಓದೋಣ ಅಂತ ರೋಲ್‌ಬ್ಯಾಕ್ ಮಾಡಿದ್ರ ಬಾಕ್ಸೇ ಇಲ್ಲ, ಖಾಲಿ ಚಿತ್ರ. ಸೇವ್ ಮಾಡಿ ಹೊಳ್ಳಿ ಲೋಡ್ ಮಾಡಿದ್ರೂ ಹಂಗ. ತಮ್ಮ ಹುಡುಕಿ ನೋಡಿದಾಗ ಗೊತ್ತಾಗಿದ್ದು, ಬಾಕ್ಸು ತೆರೆದೈತೋ ಮುಚ್ಚೈತೋ ಅನ್ನೋ ಮಾಹಿತಿನ ಡಿಫೈನ್ ಅಂತ ಇಟ್ಟಿದ್ದ. ರೆನ್‌ಪೈಯಾಗ ಡಿಫೈನ್ ಮಾಡಿದ್ದು ಬದಲಾಗದ ವಸ್ತು ಅಂತ ಲೆಕ್ಕ, ಸೇವ್ ಫೈಲಿಗೆ ಹೋಗಂಗಿಲ್ಲ. ಆಟದ ನಡುವ ಬದಲಾಗೋದನ್ನ ಡಿಫಾಲ್ಟ್ ಅಂತ ಇಡಬೇಕು.

ಮಿಂಚಿನ ಎಫೆಕ್ಟ್ ಬಗ್ಗೆ ಎಲ್ಲರೂ ಗಮನ ಕೊಡ್ರಿ. ಸಿಟ್ಟಿನ ಮಾತಿಗೆ ಅಂತ ಅವ ಬಾಕ್ಸನ್ನ ಬೆಳ್ಳಗ ಕಪ್ಪಗ ಪಟಪಟ ಹೊಳೆಸ್ಯಾನ, ಬಂದ್ ಮಾಡಾಕ ಸೆಟ್ಟಿಂಗಿನಾಗ ಜಾಗಾನ ಇಲ್ಲ. ಇದು ಬರೀ ಕಿರಿಕಿರಿ ಅಲ್ಲ. ಬೆಳಕಿನ ಮಿಣುಕಿಗೆ ಫಿಟ್ಸ್ ಬರೋ ಮಂದಿ ಇರ್ತಾರ, 1997ರಾಗ ಜಪಾನಿನಾಗ ಒಂದು ಟಿವಿ ಕಾರ್ಟೂನಿನ ಮಿಣುಕು ದೃಶ್ಯ ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ರು. ವೆಬ್‌ಸೈಟುಗಳಿಗೆ ಇರೋ ಅಂತರರಾಷ್ಟ್ರೀಯ ಮಾರ್ಗಸೂಚಿಯಾಗ ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಹೊಳೀಬಾರ್ದು ಅಂತೈತಿ. ಜಾತ್ರಿಯಾಗ ಸಣ್ಣ ಹುಡುಗರ ಕೈಯಾಗ ಕೊಡೋ ವಸ್ತು ಅದು. ಇದನ್ನ ಹೇಳಿದ್ರ "ಎಲ್ಲಾ ಗೇಮಲ್ಲೂ ಇರತ್ತೆ" ಅಂದ. ನನಗ ಆವತ್ತು ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಇಷ್ಟೆಲ್ಲಾ ಆದ ಮ್ಯಾಲ ನಾವ ಸರಿ ಮಾಡ್ಕೊತೀವಿ ಬಿಡು ಅಂದ್ರ ಅದಕ್ಕೂ ದಾರಿ ಇಟ್ಟಿರ್ಲಿಲ್ಲ. ಕೋಡ್ ಓದಿ ತಿದ್ದಾಕ ಬರೋ ಆರ್‌ಪಿವೈ ಫೈಲ್ ಕೊಡ್ಲಿಲ್ಲ, ಎಂಜಿನ್ನಿಗಷ್ಟ ತಿಳಿಯೋ, ಕಂಪೈಲ್ ಆದ ಆರ್‌ಪಿವೈಸಿ ಅಷ್ಟ ಕೊಟ್ಟ. ಸೋರ್ಸ್ ಬೇಕಂದ್ರ ಬ್ಯಾರೆ ರೇಟು. ಉಳಿದ ರೊಕ್ಕ ಕೊಡಂಗಿಲ್ಲ ಅಂದ ಮ್ಯಾಲ ಉತ್ತರ ಬರೋದು ನಿಂತಿತು, ಅಡ್ವಾನ್ಸ್ ಹೋದದ್ದು ಹೋತು. ಜಾತ್ರಿಯೂ ಮುಗೀತು, ಡೆಮೋ ತೋರ್ಸಾಕ ಆಗ್ಲಿಲ್ಲ.

ಈಗ ನಾವು ಅದನ್ನ ಪೂರ್ತಿ ತೆಗೆದು ಹಾಕಿ ರೆನ್‌ಪೈಯ ಮೂಲ ಬಾಕ್ಸಿಗೆ ವಾಪಸ್ ಬಂದೀವಿ. ಬಾಕ್ಸು 0.2 ಸೆಕೆಂಡಿನಾಗ ಮೆಲ್ಲಕ ಮೂಡ್ತೈತಿ, ಅಷ್ಟ. ಅಕ್ಷರದ ವೇಗ ಓದೋರ ಕೈಯಾಗ ಬಿಟ್ಟೀವಿ, ಬ್ಯಾಡಾದೋರು ಒಮ್ಮೆಲೇ ಪೂರ್ತಿ ಸಾಲು ಬರೋಹಂಗ ಇಟ್ಕೋಬೌದು. ಅಪ್ಪ ಮಾತು ನುಂಗೋ ಜಾಗಾದಾಗ ಸಾಲಿನ ನಡುವ ವೇಟ್ ಟ್ಯಾಗ್ ಹಾಕಿದ್ವಿ, ಅಲ್ಲಿ ಅರ್ಧ ಸೆಕೆಂಡು ನಿಂತು ಮುಂದ ಹೋಗ್ತೈತಿ, ನಾನು ಬರೆದ ಮೌನ ಅಲ್ಲಿ ಸರಿಯಾಗಿ ಬಂದೈತಿ. ನಡುಗೋ ಎಫೆಕ್ಟು ಇಡೀ ಕಥಿಯಾಗ ಒಂದ ಕಡೆ ಉಳಿಸೀವಿ, ಸೆಟ್ಟಿಂಗಿನಾಗ ಬಂದ್ ಮಾಡೋ ಗುಂಡಿನೂ ಐತಿ.

ನೀವು ಯಾರಿಗರ ಈ ಕೆಲ್ಸ ಕೊಡೋರಿದ್ರ, ಅಡ್ವಾನ್ಸಿಗಿಂತ ಮೊದ್ಲ ಈ ಸಾಲು ಕಳಸ್ರಿ, "ಸೂರ್ಯ ಮುಳುಗೋ ಹೊತ್ತಿಗೆ ಲಕ್ಷ್ಮಕ್ಕ ಸ್ತ್ರೀಶಕ್ತಿ ಸಂಘದ ರ‍್ಯಾಲಿ ಮುಗಿಸಿ ಕೊಪ್ಪಳಕ್ಕ ಬಂದ್ಲು". ಇದನ್ನ ಅವರ ಬಾಕ್ಸಿನಾಗ ಹಾಕಿ, ಅದ ಪಾತ್ರದ ಸಾಲುಗಳನ್ನ ಒಂದರ ಹಿಂದ ಒಂದು ಓಡಿಸಿ, ನಡುವ ಒಂದ್ಸಲ ಕ್ಲಿಕ್ ಮಾಡಿ, ಹಿಂದಕ್ಕ ಹೋಗಿ, ಸೇವ್ ಮಾಡಿ ಲೋಡ್ ಮಾಡಿ, ಪೂರ್ತಿ ಸ್ಕ್ರೀನ್ ರೆಕಾರ್ಡ್ ಕಳಿಸು ಅಂತ ಹೇಳ್ರಿ. ಆರ್‌ಪಿವೈ ಸೋರ್ಸ್ ಸಮೇತ ಕೊಡ್ತೀನಿ ಅಂತ ಬರೆದು ಕೊಡಾಕ ಹೇಳ್ರಿ. ಕೆಲ್ಸ ಬರೋರು ಅದನ್ನ ಸಂಜಿಯೊಳಗ ಮಾಡಿ ಕಳಸ್ತಾರ. ನಮಗ ಮಾಡಿಕೊಟ್ಟವ ಈಗ ಹೊಸ ವಿಡಿಯೋ ಬಿಟ್ಟಾನ, ಮ್ಯಾಲಿನ ಟೈಟಲ್ ಕನ್ನಡದಾಗ ಐತಿ, ಬಾಕ್ಸಿನೊಳಗ ಓಡೋದು ಇನ್ನೂ ಇಂಗ್ಲಿಷೇ.